ಅಮೆರಿಕವನ್ನೂ ಬಿಡದ ಅಕ್ಕ

ಅಕ್ಕನ ಬೆರಳ ತುದಿಗಳು ಸುಟ್ಟು ಸುಟ್ಟು ನುಣ್ಣಗಾಗಿದ್ದವು. ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲೇ ತಿರುವುತ್ತಿದ್ದಳು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷಿನ್ನಿಗೆ ಅವಳ ಗುರುತು ಸಿಗುತ್ತಿರಲಿಲ್ಲ. ಅಂಗಡಿಯವನು ಇನ್ನೊಮ್ಮೆ ಒತ್ತು ಎಂದರೆ, “ಮಷಿನ್ನಿಗಿ ನಾ ಗೊತ್ತಿಲ್ಲಂದ್ರ ಏನಾತು, ನಿನಗ ಗೊತ್ತಿಲ್ಲೇನು?” ಎಂದು ಚೀಲ ಮುಂದೆ ಹಿಡಿಯುತ್ತಿದ್ದಳು. ಅವನು ಗೊಣಗುತ್ತಲೇ ಜೋಳ ಅಳೆಯುತ್ತಿದ್ದ.

ಗಂಡ ತೀರಿಕೊಂಡ ಮೇಲೆ ಅವಳು ಗಂಡನ ಊರು ಮಟಕಿಯಿಂದ ಅಫಜಲಪುರಕ್ಕೆ ಬಂದು, ನನ್ನ ಹಾರ್ಡ್‌ವೇರ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ರೊಟ್ಟಿ ಕೇಂದ್ರ ಹಾಕಿದಳು. ಓಣಿಯ ಹೆಣ್ಣುಮಕ್ಕಳು ಬಂದು ರೊಟ್ಟಿ ಬಡಿಯುತ್ತಿದ್ದರು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ಅಕ್ಕ ಶಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ. ಆದರೆ ಅವಳಿಗೆ ಪೇಪರ್ ಬೇಕು. ನಮ್ಮೂರ ಪತ್ತಿನ ಸಂಘದ ಕಾರಕೂನ ದಿನಾ ಮುಂಜಾನೆ ಆ ಹೆಣ್ಣುಮಕ್ಕಳ ಉಳಿತಾಯದ ಹಣ ತೆಗೆದುಕೊಳ್ಳಲು ಬರುತ್ತಿದ್ದ. ಮೊದಲು ಪೇಪರ್ ಓದಿ ಹೇಳಬೇಕು, ಆಮೇಲೆ ಹಣ. ಅದು ಅಕ್ಕನ ಕಾಯಿದೆ. ಅವನು ಮುಸಲ್ಮಾನರ ಪೈಕಿ, ಎರಡು ಮಕ್ಕಳ ತಂದೆ, ಸಾವಧಾನದ ಮನುಷ್ಯ.

ಅಮೆರಿಕದ ದೊಡ್ಡ ಬ್ಯಾಂಕುಗಳು ಬಿದ್ದ ಸುದ್ದಿಯನ್ನು ಅವನೇ ಓದಿದ್ದು. ತೀರಿಸಲಾಗದವರಿಗೆಲ್ಲ ಮನೆಯ ಸಾಲ ಕೊಟ್ಟರು, ಆ ಸಾಲಗಳನ್ನೇ ಕೈಯಿಂದ ಕೈಗೆ ಮಾರಿಕೊಂಡರು, ಎಲ್ಲ ಕುಸಿದಾಗ ಸರ್ಕಾರ ಜನರ ತೆರಿಗೆಯ ಹಣ ಸುರಿದು ಬ್ಯಾಂಕುಗಳನ್ನು ಎತ್ತಿ ನಿಲ್ಲಿಸಿತು ಎಂದ.

“ಮನಿ ಕಳಕೊಂಡವ್ರು?” ಎಂದಳು ಅಕ್ಕ.

“ಬೀದಿಗಿ ಬಿದ್ದಾರ, ಅಕ್ಕಾರ.”

“ಮುಳುಗಿಸಿದವ್ರು?”

“ಭಾಳ ಮಂದಿ ಆರಾಮ ಅದಾರ. ಬೋನಸ್ ಸೈತ ತಗೊಂಡಾರಂತ.”

ಹಿಟ್ಟು ನಾದುತ್ತಿದ್ದ ಒಬ್ಬಾಕೆ, ಪಾಪ ಅಮೆರಿಕಕ್ಕೆ ಒಂದು ಬುಟ್ಟಿ ರೊಟ್ಟಿ ಕಳಿಸೋಣ ಎಂದಳು. ಕಳಿಸೋಣ, ಆದರೆ ಬೋನಸ್ ತಗೊಂಡವರಿಗೆ ಒಂದು ಚೂರೂ ಬೇಡ ಎಂದಳು ಅಕ್ಕ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. “ಅಷ್ಟು ದೊಡ್ಡ ದೇಶದಾಗ ಒಬ್ಬರೂ ಎದ್ದು ನಿಂತು, ಇದು ನಾ ಮಾಡಿದ್ದು ಅಂದಿಲ್ಲೇನು?” ಎಂದು ಕೇಳಿದಳು. ಕಾರಕೂನ ಹಾಳೆ ತಿರುಗಿಸಿ ಹುಡುಕಿದ. ಅಂಥ ಸುದ್ದಿ ಇರಲಿಲ್ಲ. ಮುಂದೆ ಎಷ್ಟೋ ದಿನ, ಅವನು ಸೈಕಲ್ ಸ್ಟ್ಯಾಂಡ್ ಹಾಕುವ ಮೊದಲೇ, “ಇವತ್ತರ ಯಾರರ ಅಂದಾರೇನು?” ಎಂದು ಕೇಳುತ್ತಿದ್ದಳು.

ಅಮೆರಿಕ ನಿನಗ್ಯಾಕೆ ಬೇಕು ಎಂದು ನಾನು ಚೇಷ್ಟೆ ಮಾಡಿದೆ. ಅವಳು ಹಂಚಿನಿಂದ ಕಣ್ಣು ತೆಗೆಯದೆ ಹೇಳಿದಳು: “ದೇಶ ಆದ್ರೇನು, ನಮ್ಮ ಕೇಂದ್ರ ಆದ್ರೇನು. ರೊಟ್ಟಿ ಹೊತ್ತಿಸಿದಾಕಿ ಹೊತ್ತಿಸೇನಿ ಅನ್ನಬೇಕು. ಇಲ್ಲಂದ್ರ ಕಟ್ಟಿನಾಗಿನ ಎಲ್ಲಾ ರೊಟ್ಟಿನೂ ಹೊಗಿ ನಾರತಾವ.”

ಅದಾಗಿ ಕೆಲವು ವರ್ಷಕ್ಕೆ ನಾನು ಆ ಪತ್ತಿನ ಸಂಘದ ನಿರ್ದೇಶಕನಾದೆ. ಜೇವರ್ಗಿಯ ನಮ್ಮ ಬೀಗರು, ಅಂದರೆ ಮಗಳ ಮಾವ, ಘತ್ತರಗಿಯ ಕಡೆ ಹೊಳೆಯ ಹತ್ತಿರ ಜಮೀನು ಹಿಡಿದು ಪ್ಲಾಟು ಮಾಡಲು ದೊಡ್ಡ ಸಾಲ ಕೇಳಿದರು. ಜಾಗ ನೋಡಿಬರುವ ಕೆಲಸ ನನಗೇ ಬಿತ್ತು. ಜೇವರ್ಗಿಯ ಅವರ ಮನೆಗೆ ಹೋದೆ. “ಜಾಗ ಎಲ್ಲಿ ಓಡಿ ಹೋಗತದ್ರಿ ಬೀಗರ, ಮೊದಲ ಊಟ ಮಾಡ್ರಿ” ಎಂದರು. ಶೇಂಗಾ ಹೋಳಿಗೆ, ಮೇಲೆ ತುಪ್ಪ. ಉಂಡು ಮಲಗಿದೆ, ಎದ್ದು ಚಹಾ ಕುಡಿದೆ. ಹೆಣ್ಣು ಕೊಟ್ಟ ಮನೆಯಲ್ಲಿ ಕುಳಿತು, ನಿಮ್ಮ ಜಾಗ ತೋರಿಸಿ, ಕಾಗದ ತೋರಿಸಿ ಎನ್ನುವುದು ನಮ್ಮಲ್ಲಿ ಬೀಗರ ಮುಖಕ್ಕೆ ಹೊಡೆದಂತೆ. ಹಾಗೇ ತಿರುಗಿ ಬಂದು, ಸಂಘದಲ್ಲಿ ಜಾಗ ನೋಡಿದೆ ಎಂದೆ. “ಖರೇ ನೋಡೀರೇನ್ರಿ, ಅಣ್ಣಾರ?” ಎಂದು ಕಾರಕೂನ ಕೇಳಿದ. ನನ್ನನ್ನೇ ಪರೀಕ್ಷೆ ಮಾಡುತ್ತೀಯಾ ಎಂದು ಬೈದೆ. ನನ್ನ ಮಾತಿನ ಮೇಲೆ ಅವನು ಜಾಗ ನೋಡಿದ್ದಾಗಿದೆ ಎಂದು ಬರೆದ, ಸಾಲ ಮಂಜೂರಾಯಿತು.

ಭೀಮಾ ಹೊಳೆ ತುಂಬಿದ ವರ್ಷ ಆ ಪ್ಲಾಟುಗಳ ಮೇಲೆ ಆಳೆತ್ತರ ನೀರು ನಿಂತಿತು. ಕೊಳ್ಳುವವರು ಹಿಂದೆ ಸರಿದರು, ಬೀಗರು ಕೈಯೆತ್ತಿದರು. ಅಂಥವೇ ಇನ್ನೂ ಕೆಲವು ಸಾಲಗಳಿದ್ದವು. ಸಂಘದ ಶಟರ್ ಕೆಳಗಿಳಿಯಿತು. ರೊಟ್ಟಿ ಬಡಿದವರ ಉಳಿತಾಯವೆಲ್ಲ ಒಳಗೇ ಉಳಿಯಿತು. ನಿರ್ದೇಶಕರೆಲ್ಲ ಕೂಡಿ, ಜಾಗ ನೋಡದೆ ಬರೆದದ್ದು ಕಾರಕೂನನ ತಪ್ಪು ಎಂದು ತೀರ್ಮಾನಿಸಿದೆವು. ನಡೆದದ್ದನ್ನು ಅಕ್ಕನಿಗಷ್ಟೇ ಹೇಳಿ, ಅಮೆರಿಕದಲ್ಲೇ ಬ್ಯಾಂಕು ಬಿದ್ದಿವೆ, ನಮ್ಮದು ಯಾವ ಲೆಕ್ಕ ಎಂದೆ.

“ಅಮೆರಿಕಾದಿಂದ ಇಷ್ಟೇ ಕಲತೇನು, ತಮ್ಮಾ?” ಎಂದಳು. ಸಂಘದ ಸದಸ್ಯರ ಸಭೆಯಲ್ಲಿ ಎದ್ದು ನಿಂತು ಖರೇ ಹೇಳು ಎಂದಳು. ಮಗಳ ಬಾಳು ಏನಾದೀತು ಎಂದೆ. “ಅಂವನ ಮಕ್ಕಳ ಬಾಳು?” ಎಂದಳು.

ಸಭೆಯಲ್ಲಿ ನಾನು ಏಳಲಿಲ್ಲ. ಹಿಂದಿನ ಸಾಲಿನಿಂದ ಅಕ್ಕ ಎದ್ದಳು. ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ, ಕುಳಿತುಕೊಳ್ಳಿ ಎಂದರು ಅಧ್ಯಕ್ಷರು. “ತಿಳೀದಿದ್ರ ರೊಕ್ಕ ಯಾಕ ಇಸಗೊಂಡ್ರಿ?” ಎಂದು ನಿಂತೇ ಇದ್ದಳು. ಆಮೇಲೆ ನನ್ನತ್ತ ಕೈ ಮಾಡಿ ಹೇಳಿದಳು: “ಜಾಗ ನೋಡೇನಿ ಅಂತ ಸುಳ್ಳು ಹೇಳಿದವ ನನ್ನ ತಮ್ಮ. ಅಂವ ಹೇಳಂಗಿಲ್ಲ, ಅದಕ್ಕ ನಾ ಹೇಳಾಕತ್ತೇನಿ. ಕಾರಕೂನನ ಮ್ಯಾಲ ಹಾಕಬ್ಯಾಡ್ರಿ.”

ಅವಳ ಮಾತು ಸಭೆಯಲ್ಲೇ ಉಳಿಯಿತು. ಕೇಳಿಸಿಕೊಂಡದ್ದು ಸಾಕ್ಷಿಯಲ್ಲ ಎಂದರು. ಕಾರಕೂನನ ಕೆಲಸ ಹೋಯಿತು, ಅವನ ಮೇಲೆ ಕೇಸೂ ಬಿತ್ತು. ಬೀಗರ ಮನೆಯಿಂದ ಅಕ್ಕನಿಗೆ ಯಾವ ಕಾರ್ಯದ ಕರೆಯೂ ಬರಲಿಲ್ಲ. ನಾನೂ ಹೆದರಿ, ಶೆಡ್ ಖಾಲಿ ಮಾಡು ಎಂದೆ. ಅವಳು ಹಂಚು, ಹಿಟ್ಟು ನಾದುವ ಕೊಣಮಿಗೆ ಹೊತ್ತು, ಬಸ್‌ಸ್ಟ್ಯಾಂಡಿನ ಹಿಂದೆ ಬೇರೆ ಒಲೆ ಹಾಕಿದಳು. ಉಳಿತಾಯ ಕಳೆದುಕೊಂಡ ಹೆಣ್ಣುಮಕ್ಕಳು ಒಬ್ಬರೂ ಅವಳನ್ನು ಬಿಡಲಿಲ್ಲ. ಕೆಲಸ ಕಳೆದುಕೊಂಡ ಕಾರಕೂನನೇ ಆಳಂದದವರೆಗೂ ರೊಟ್ಟಿ ಮಾರಿಬರುತ್ತಿದ್ದ. ನಾನು ಎದುರಾದರೆ ಅಕ್ಕ ಉಂಡಿಯಾ ಎಂದಷ್ಟೇ ಕೇಳುತ್ತಿದ್ದಳು.

ಹೋದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡಳು. ಮಣ್ಣಿಗೆ ಕಾರಕೂನನೂ ಬಂದಿದ್ದ. ಅವನ ಗಡ್ಡ ಬೆಳ್ಳಗಾಗಿತ್ತು. ಕೇಸು ಇನ್ನೂ ನಡೆದಿದೆ ಎಂದ, ಅಷ್ಟೇ. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ.

ಮರುದಿನವೇ ಅವನ ವಕೀಲರ ಹತ್ತಿರ ಹೋಗಿ ನನ್ನನ್ನು ಸಾಕ್ಷಿಗೆ ಕರೆಸಿ ಎಂದೆ. ಬರುವ ಸೋಮವಾರ ವಿಚಾರಣೆ. ನಿನ್ನೆ ಬೀಗರು ಫೋನ್ ಮಾಡಿ, ಈ ವಯಸ್ಸಿನಾಗ ಕೋರ್ಟು ಕಟ್ಟೆ ಯಾಕ್ರಿ, ಸಂಬಂಧ ನೋಡ್ರಿ ಎಂದರು. ಮಗಳಿಗೆ ಎಲ್ಲ ಹೇಳಿದ್ದೇನೆ. ಅವಳು, ಹೋಗು ಅಪ್ಪಾ ಎಂದಳು. ಬೀಗರಿಗೆ ನಾನು, “ಊಟಕ್ಕ ಕರದ್ರ ಬರ್ತೇನ್ರಿ. ಸೋಮವಾರ ಮಾತ್ರ ಕೋರ್ಟಿನಾಗ, ಜಾಗ ನೋಡೇನಿ ಅಂತ ಸುಳ್ಳು ಹೇಳಿದವ ನಾನ ಅಂತ ಹೇಳಾವ” ಎಂದು ಫೋನ್ ಇಟ್ಟೆ.