ಕುದುರೆಗೆ ಮಣ್ಣು

"ಇದು ಮಾಂಸಕ್ಕಾಗುವ ಕುದುರೆಯೋ, ಮಾಂಸಕ್ಕಲ್ಲದ ಕುದುರೆಯೋ?" ಎಂದು ಪಶುವೈದ್ಯೆ ಜರ್ಮನ್‌ನಲ್ಲಿ ಕೇಳಿದಾಗ ನಾನು ಹಿತ್ತಾಳೆಯ ಆರತಿತಟ್ಟೆಯನ್ನು ಕೈಯಲ್ಲಿ ಹಿಡಿದು ಲಾಯದ ಬಾಗಿಲಲ್ಲಿ ನಿಂತಿದ್ದೆ. ಎರಡು ದಿನಗಳ ಹಿಂದೆ ಅದೇ ತಟ್ಟೆಯಿಂದ ಆ ಕುದುರೆಗೆ ಆರತಿ ಬೆಳಗಿ, ತಟ್ಟೆಯನ್ನು ಅಲ್ಲಿಯೇ ಮರೆತು ಹೋಗಿದ್ದೆವು. ಅದನ್ನು ಒಯ್ಯಲೆಂದು ಬಂದವಳು ಆ ಪ್ರಶ್ನೆಯನ್ನು ಕೇಳಿಸಿಕೊಂಡೆ. ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ, ಕ್ರೌರ್ಯವೂ ಇರಲಿಲ್ಲ. ರಬ್ಬರ್ ಕೈಗವಸು ಹಾಕಿಕೊಳ್ಳುತ್ತ, ನಮ್ಮ ಊರಿನ ವೈದ್ಯರು "ಸಕ್ಕರೆ ಕಾಯಿಲೆ ಇದೆಯೇ?" ಎಂದು ವಿಚಾರಿಸುವ ಧಾಟಿಯಲ್ಲಿ ಆಕೆ ಕೇಳಿದ್ದರು. ಕುದುರೆ ಮಾತ್ರ ಮುಂಗಾಲುಗಳನ್ನು ದೂರಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲುಗಳ ಮೇಲೆ ಹಾಕಿ, ನೆಲವೇ ಸುಡುತ್ತಿದೆಯೋ ಎಂಬಂತೆ ನಿಂತಿತ್ತು.

ಕುದುರೆ ನನ್ನದಲ್ಲ. ಅದರ ಯಜಮಾನ ನಮ್ಮ ವಿಜಯಪುರದವನು, ಜರ್ಮನಿಯ ಹರ್ಟ್ಸೋಗೆನಾವ್‌ರಾಕ್‌ನಲ್ಲಿ ಎಂಜಿನಿಯರ್, ವಯಸ್ಸು ನಲವತ್ತರ ಆಸುಪಾಸು. ಪತಿಯ ನೌಕರಿಯ ಕಾರಣ ಪಕ್ಕದ ಎರ್ಲಾಂಗೆನ್‌ಗೆ ಬಂದ ಮೇಲೆ, ಊರಿನಲ್ಲಿ ಪ್ರೌಢಶಾಲೆಯ ಕನ್ನಡ ಶಿಕ್ಷಕಿಯಾಗಿದ್ದ ನಾನು ಹೊಸದಾಗಿ ಬರುವ ನಮ್ಮವರಿಗೆ ಜರ್ಮನ್ ಹೇಳಿಕೊಡತೊಡಗಿದೆ. ಮೊದಲ ತಂಡದಲ್ಲಿಯೇ ಅವನಿದ್ದ. ಅಂದಿನಿಂದ ನಾನು ಅವನಿಗೆ "ಅಕ್ಕೋರು," ಅವನು ನನಗೆ "ತಮ್ಮ." ಮುಸಲ್ಮಾನರ ಮನೆಯ ಹುಡುಗ, ಅವನ ಅಜ್ಜ ಊರಿನಲ್ಲಿ ಟಾಂಗಾ ಹೊಡೆಯುತ್ತಿದ್ದರು. ಬೇರೆಯವರು ಸಂಬಳ ಹೆಚ್ಚಾದಾಗ ಕಾರು ಬದಲಿಸಿದರೆ ಅವನು ಒಂದು ಮುದಿ ಹೆಣ್ಣುಕುದುರೆಯನ್ನು ಕೊಂಡ. ಅದು ಹಿಂದೆ ಹಗುರವಾದ ಗಾಡಿ ಕಟ್ಟಿ ಓಡಿಸುವ ಪಂದ್ಯಗಳಲ್ಲಿ ಓಡಿ, ಕಾಲು ಸೋತ ಮೇಲೆ ಮಾರಾಟಕ್ಕೆ ಬಂದದ್ದು. ಸವಾರಿಗೆ ಯೋಗ್ಯವಲ್ಲವೆಂದು ಎಲ್ಲರೂ ಹೇಳಿದರು. "ನನಗೇನ್ ಸವಾರಿ ಮಾಡೂದೈತ್ರಿ ಅಕ್ಕೋರ? ಗಾಡಿ ಎಳದಾಕಿ ಅಂತ ತಂದೀನಿ. ನಮ್ಮ ಮನಿತನದಾಕಿ," ಎಂದಿದ್ದ. ಕುದುರೆಯನ್ನು ಅವನು "ಬೇಟಿ" ಎಂದು ಕರೆಯುತ್ತಿದ್ದ. ಮಗಳೆಂದು ಅದರ ಅರ್ಥ.

ಆ ವರ್ಷ ಮಹಾನವಮಿಯ ಖಂಡೇಪೂಜೆಗೆ ಅವನು ಕನ್ನಡದ ಕುಟುಂಬಗಳನ್ನೆಲ್ಲ ಲಾಯಕ್ಕೆ ಕರೆದ. ನಾವು ಪ್ರತಿವರ್ಷ ಕಾರುಗಳ ಗಾಲಿಗೆ ನಿಂಬೆಹಣ್ಣು ಇಟ್ಟು, ಲ್ಯಾಪ್‌ಟಾಪ್‌ಗಳಿಗೆ ಕುಂಕುಮ ಹಚ್ಚಿ ಪೂಜೆ ಮುಗಿಸುವವರು. ಜೀವವುಳ್ಳ ವಾಹನವೊಂದು ಸಿಕ್ಕಿದ್ದು ಎಲ್ಲರಿಗೂ ಸಂಭ್ರಮವಾಯಿತು. ಊರಿನ ಟಾಂಗಾದವರು, ಯಾವ ಧರ್ಮದವರೇ ಆಗಿರಲಿ, ಆ ದಿನ ಕುದುರೆಯ ಮೈ ತೊಳೆದು, ಹಾರ ಹಾಕಿ, ಮನೆಯಲ್ಲಿ ಮಾಡಿದ ಮೊದಲ ಹೋಳಿಗೆಯನ್ನು ಅದಕ್ಕೇ ತಿನ್ನಿಸುತ್ತಿದ್ದರೆಂದು ಅವನು ಹೇಳಿದ. ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡ ಸಂಗತಿಯಾದ್ದರಿಂದ ಹೌದೆಂದು ಸಾಕ್ಷಿ ನುಡಿದೆ.

ಲಾಯದ ಕಂಬಕ್ಕೆ ಒಂದು ಫಲಕ ತೂಗುತ್ತಿತ್ತು: ಹೊರಗಿನವರು ಕುದುರೆಗಳಿಗೆ ಏನನ್ನೂ ತಿನ್ನಿಸಬಾರದು. ನಾನದನ್ನು ಎಲ್ಲರಿಗೂ ಓದಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆದರೆ ಅಂದು ಅಲ್ಲಿ ಹೊರಗಿನವರು ಯಾರೂ ಇರಲಿಲ್ಲ. ನಾವೆಲ್ಲರೂ ಕುದುರೆಯ ಬೀಗರೇ ಆಗಿದ್ದೆವು. ಹೂರಣದ ಹೋಳಿಗೆ, ನೆನೆಸಿದ ಕಡಲೆ, ಬಾಳೆಹಣ್ಣು ಮತ್ತು ಅಚ್ಚುಬೆಲ್ಲ ಡಬ್ಬಿಗಳಿಂದ ಹೊರಬಂದವು. ನಾನು ಮಕ್ಕಳನ್ನು ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿದೆ. ತಾಯಂದಿರು ಕನ್ನಡದಲ್ಲಿ "ಅಂಗೈ ಚಪ್ಪಟೆ ಹಿಡಿ" ಎಂದರೆ ಮಕ್ಕಳು ಜರ್ಮನ್‌ನಲ್ಲಿ "ಇನ್ನೊಂದು ಕೊಡಲೇ?" ಎಂದು ಕೇಳುತ್ತಿದ್ದರು.

"ಗುರು, ನಿನ್ನ ಇಲೆಕ್ಟ್ರಿಕ್ ಕಾರಿಗಿಂತ ಇದರ ರೇಂಜ್ ಜಾಸ್ತಿ ಐತಿ ನೋಡು," ಎಂದು ಒಬ್ಬ ತರುಣ ಇನ್ನೊಬ್ಬನನ್ನು ಕೆಣಕಿದ.

"ಬೆಲ್ಲಾ ಹಾಕು ಮಗಾ, ಫಾಸ್ಟ್ ಚಾರ್ಜಿಂಗ್," ಎಂದು ಅವನು ಮರುನುಡಿದ. ಎಲ್ಲರೂ ನಕ್ಕರು. ಕುದುರೆ ಬೆಲ್ಲವನ್ನು ನೆಕ್ಕಿ, ತುಟಿಯನ್ನು ಮೇಲಕ್ಕೆತ್ತಿ ಹಲ್ಲು ತೋರಿಸಿದಾಗ ಮತ್ತಷ್ಟು ನಕ್ಕರು.

ಎರಡು ದಿನಗಳ ಬಳಿಕ ಪಶುವೈದ್ಯೆ ಆ ಪ್ರಶ್ನೆ ಕೇಳಿದಾಗ ಕುದುರೆಯ ಯಜಮಾನ ನನ್ನತ್ತ ತಿರುಗಿ, "ಅಕ್ಕೋರ, ಇವರು ಏನಂತಾರ್ರಿ? ನನಗ ಬರೋಬ್ಬರಿ ತಿಳೀವಲ್ದು," ಎಂದ.

"ನೀ ಕೇಳಿದ್ದು ಖರೇ ಅದ, ತಮ್ಮಾ. ಕೊನೀಗೆ ಕಟುಕರಿಗೆ ಕೊಡಾಂವ ಏನು ಅಂತ ಕೇಳಾಕತ್ತಾರ."

ವೈದ್ಯೆ ತಾಳ್ಮೆಯಿಂದ ವಿವರಿಸಿದರು. ಈ ದೇಶದಲ್ಲಿ ಪ್ರತಿಯೊಂದು ಕುದುರೆಗೂ ಪಾಸ್‌ಪೋರ್ಟಿನಂಥ ಒಂದು ಗುರುತಿನ ಪುಸ್ತಕ ಇರುತ್ತದೆ; ಅದನ್ನು ಮುಂದೆ ಮಾಂಸಕ್ಕೆ ಕೊಡಬಹುದೋ ಕೊಡಬಾರದೋ ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಮಾಂಸಕ್ಕಾಗುವ ಕುದುರೆಗೆ ಕೆಲವು ಔಷಧಗಳನ್ನು ಕೊಡುವಂತಿಲ್ಲ. ಇದಕ್ಕೆ ಬೇಕಾದ ಬಲವಾದ ನೋವುನಿವಾರಕವೂ ಅವುಗಳಲ್ಲಿ ಒಂದು. ಮಾಂಸಕ್ಕಲ್ಲವೆಂದು ಒಮ್ಮೆ ಬರೆಸಿದರೆ ಅದನ್ನು ಎಂದಿಗೂ ತಿದ್ದಲಾಗದು. ಹಿಂದಿನ ಯಜಮಾನ ಹಾಗೆ ಬರೆಸದೆ ದಾರಿಯನ್ನು ತೆರೆದಿಟ್ಟಿದ್ದ.

ನಾನು ಶಾಲೆಯಲ್ಲಿ ಇಪ್ಪತ್ತು ವರ್ಷ ಪ್ರಾಣಿದಯೆಯ ಮೇಲೆ ಪ್ರಬಂಧ ಬರೆಸಿದವಳು. ಚಿಕಿತ್ಸೆಗೂ ಮೊದಲು ಕೇಳಬೇಕಾದ ಪ್ರಶ್ನೆ ಇದಾಗಿರಬಹುದೆಂದು ನನಗೆ ಊಹೆಯೂ ಇರಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಹುಲ್ಲಿನ ಕಟ್ಟಿನ ಮೇಲಿಟ್ಟೆ.

"ಮಾಂಸಕ್ಕಲ್ಲ," ಎಂದು ಅವನು ಜರ್ಮನ್‌ನಲ್ಲಿ ಹೇಳಿ ಸಹಿ ಹಾಕಿದ. ವೈದ್ಯೆ ಔಷಧ ಕೊಟ್ಟರು. ಆಮೇಲೆ ಗೊರಸುಗಳನ್ನು ಮುಟ್ಟಿ ನೋಡುತ್ತ, ಇತ್ತೀಚೆಗೆ ಏನಾದರೂ ಬೇರೆ ತಿನ್ನಿಸಿದ್ದೀರಾ ಎಂದು ವಿಚಾರಿಸಿದರು. ಅವನು ಹೆಮ್ಮೆಯಿಂದಲೇ ಶುರುಮಾಡಿದ: ಹೋಳಿಗೆ, ಕಡಲೆ, ಬಾಳೆಹಣ್ಣು, ಬೆಲ್ಲ. ಎಷ್ಟು ಎಂದು ಕೇಳಿದರು. ಇಷ್ಟು ಎಂದು ಅವನು ಎರಡೂ ಕೈಗಳಿಂದ ತೋರಿಸಿದ. ಗೊರಸಿನ ಮೇಲಿದ್ದ ಆಕೆಯ ಕೈ ಹಾಗೆಯೇ ನಿಂತಿತು.

ಕುದುರೆಯ ಗೊರಸಿನೊಳಗಿನ ಎಲುಬು, ಉಗುರಿಗೆ ಅಂಟಿದ ಬೆರಳಿನ ಮಾಂಸದಂತೆ, ಗೊರಸಿನ ಗೋಡೆಗೆ ಅಂಟಿಕೊಂಡಿರುತ್ತದೆ. ಸಿಹಿಯೂ ಕಾಳೂ ಮಿತಿಮೀರಿದರೆ ಆ ಅಂಟಿಗೆ ಉರಿಯೂತ ಬಂದು ಅದು ಬಿಡತೊಡಗುತ್ತದೆ. ಮೈಯ ಭಾರಕ್ಕೆ ಎಲುಬು ಕೆಳಗೆ ಜಾರುತ್ತದೆ. ಮುದಿ ಕುದುರೆಗಳಿಗಂತೂ ಬೇಗ. ವೈದ್ಯೆ ಯಾರನ್ನೂ ದೂಷಿಸದೆ ಇಷ್ಟನ್ನು ಹೇಳಿದರು.

"ನಮ್ಮಜ್ಜನ ಕುದುರಿ ದಿನಾ ಬೆಲ್ಲಾ ತಿಂತಿತ್ರಿ," ಎಂದು ಅವನು ನನಗೆ ಹೇಳಿದ. ವೈದ್ಯೆಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಆಮೇಲೆ ಕುದುರೆಯ ಕುತ್ತಿಗೆ ಸವರುತ್ತ, "ಅದು ಸ್ಟೇಶನ್ನಿಂದ ಗೋಳಗುಮ್ಮಟದ ತನಕ ದಿನಪೂರ್ತಿ ಓಡತಿತ್ತು. ಈಕಿ ಇಲ್ಲಿ ನಿಂತಾಳ. ನಿಂತಾಕಿಗೆ ಓಡಾಕಿ ಊಟಾ ಹಾಕಿದ್ವಿ," ಎಂದ.

ನಾನು ಬಸ್ಸಿನಲ್ಲಿ ಅರ್ಧದಾರಿ ಹೋದ ಮೇಲೆ ನೆನಪಾಯಿತು, ತಟ್ಟೆಯನ್ನು ಮತ್ತೆ ಅಲ್ಲಿಯೇ ಬಿಟ್ಟಿದ್ದೆ.

ಔಷಧದಿಂದ ಕುದುರೆ ಒಂದಿಷ್ಟು ದಿನ ಹಗುರವಾಗಿ ನಿಂತಿತು, ಆಮೇಲೆ ಮಲಗತೊಡಗಿತು. ಅವನು ಆಫೀಸಿಗೆ ರಜೆ ಹಾಕಿ, ಗೊರಸುಗಳನ್ನು ಮಂಜುಗಡ್ಡೆಯ ನೀರಿನಲ್ಲಿ ನೆನೆಸುತ್ತ ಕುಳಿತಿರುತ್ತಿದ್ದ. ಎಕ್ಸ್‌ರೇಯಲ್ಲಿ ಎಲುಬು ಜಾರಿದ್ದು ಕಂಡಾಗ ವೈದ್ಯೆ, ಇನ್ನು ಹೆಚ್ಚು ಕಾಲ ನರಳಿಸುವುದು ಬೇಡವೆಂದರು. ಅದನ್ನು ಅವನು ಒಪ್ಪಿಕೊಂಡ. ಅವನ ಮನಸ್ಸಿನಲ್ಲಿ ಉಳಿದದ್ದು ಒಂದೇ: ಅವಳಿಗೆ ಮಣ್ಣು ಕೊಡಬೇಕು. ಅಜ್ಜನ ಕುದುರೆ ಸತ್ತಾಗ ಓಣಿಯವರೆಲ್ಲ ಸೇರಿ ಊರ ಹೊರಗೆ ಗುಂಡಿ ತೋಡಿ ಮಣ್ಣು ಮಾಡಿದ್ದರು. ಅಜ್ಜ ಅಂದು ಊಟ ಮಾಡಿರಲಿಲ್ಲ. ಲಾಯದ ಹಿಂದಿನ ಹುಲ್ಲುಗಾವಲಿನ ಅಂಚಿನಲ್ಲಿ ಒಂದು ಸೇಬಿನ ಮರವಿತ್ತು. ಜಾಗವನ್ನು ಅವನು ಆಗಲೇ ನೋಡಿಟ್ಟಿದ್ದ.

ಅದೇ ದಿನಗಳಲ್ಲಿ ಲಾಯವಿದ್ದ ಹಳ್ಳಿಯ ಊಟದಂಗಡಿಯಲ್ಲಿ ಒಂದು ಸಾರ್ವಜನಿಕ ಸಭೆ ಏರ್ಪಾಡಾಗಿತ್ತು. ಕುದುರೆ ವಧೆಯನ್ನು ಕಾನೂನಿನಿಂದಲೇ ನಿಷೇಧಿಸಬೇಕೆಂದು ಸ್ಥಳೀಯ ಚುನಾವಣೆಗೆ ನಿಂತ ಒಬ್ಬ ಮಹಿಳೆ ಪ್ರಚಾರ ನಡೆಸಿದ್ದರು. ಪಕ್ಕದ ಪಟ್ಟಣದ ಕುದುರೆಮಾಂಸದ ಕಟುಕ, ಬೇಟಿಯನ್ನು ಬಾಡಿಗೆಗೆ ಕಟ್ಟಿದ್ದ ಲಾಯದ ಒಡತಿ, ಜಿಲ್ಲೆಯ ಪಶುವೈದ್ಯಾಧಿಕಾರಿ ಎಲ್ಲರೂ ಬರುವವರಿದ್ದರು. "ಅಧಿಕಾರಿನ ಅಲ್ಲೇ ಕೇಳಿಬಿಡ್ತೀನ್ರಿ. ನೀವೂ ಬರ್ರಿ. ತಪ್ಪು ಮಾತಾಡಿದ್ರ ಮಂದಿ ನಗ್ತಾರ," ಎಂದು ಅವನು ನನ್ನನ್ನು ಕರೆದ. ಅವನ ಪ್ರಶ್ನೆಯ ವಾಕ್ಯವನ್ನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ, ಪದಗಳನ್ನು ಅವುಗಳ ಸ್ಥಾನದಲ್ಲಿ ಕೂರಿಸಿ, ಯಾರೂ ಬೆರಳು ತೋರಿಸಲಾಗದಂತೆ ಮಾಡಿಕೊಟ್ಟೆ.

ಶರತ್ಕಾಲವಾದ್ದರಿಂದ ಎಲ್ಲರ ಮುಂದೆಯೂ ಕರಿದ ಕಾರ್ಪ್ ಮೀನಿನ ದೊಡ್ಡ ತಟ್ಟೆಗಳಿದ್ದವು. ನಾನು ಬ್ರೆಟ್ಸೆಲ್ ಎಂಬ ಒಂದು ಉಪ್ಪುರೊಟ್ಟಿಯನ್ನು ಮುರಿಯುತ್ತ ಕುಳಿತೆ. ಕುದುರೆ ಮನುಷ್ಯನ ಒಡನಾಡಿ, ಒಡನಾಡಿಯನ್ನು ತಿನ್ನುವ ಸಮಾಜಕ್ಕೆ ನಾಚಿಕೆಯಿರಬೇಕು ಎಂದು ಆ ಮಹಿಳೆ ಹೇಳಿದರು. ನನ್ನ ಮನಸ್ಸು ತಕ್ಷಣ ಹೌದೆಂದಿತು. ಇಲ್ಲಿ ನಿಷೇಧಿಸಿದರೆ ಕುದುರೆಗಳು ಲಾರಿಗಳಲ್ಲಿ ಗಡಿ ದಾಟಿ ಇನ್ನೆಲ್ಲೋ ಸಾಯುತ್ತವೆ, ನೀರೂ ಇಲ್ಲದೆ ಎಂದು ಕಟುಕ ಹೇಳಿದ. ಲಾಯದ ಒಡತಿ, ಅರವತ್ತು ದಾಟಿದ ಗಟ್ಟಿ ಹೆಂಗಸು, ಇನ್ನೂ ಮುಂದೆ ಹೋದರು: "ನನ್ನ ಎರಡು ಕುದುರೆಗಳನ್ನು ನಾನೇ ಅವನ ಅಂಗಳಕ್ಕೆ ಕರೆದುಕೊಂಡು ಹೋಗಿದ್ದೇನೆ. ಬಾಯಲ್ಲಿ ಓಟ್ಸ್ ಇರುವಾಗಲೇ ಮುಗಿದಿತ್ತು. ಅವುಗಳನ್ನು ನಾನು ಪ್ರೀತಿಸಲಿಲ್ಲವೆಂದು ನನ್ನ ಮುಖ ನೋಡಿ ಹೇಳಿ."

ಆ ಮಾತು ಕೇಳಿ ನಾನು ಆಕೆಯನ್ನು ನೋಡಿದೆ. ಪೂಜೆಯ ದಿನ ನಮ್ಮ ಮಕ್ಕಳಿಗೆ ಸೇಬಿನ ರಸ ಹಂಚಿದ ಕೈಗಳು ಅವೇ.

ಅಭ್ಯರ್ಥಿಗೆ ಅವನ ವಿಷಯ ಯಾರೋ ತಿಳಿಸಿದ್ದರು. "ತಮ್ಮ ಕುದುರೆಯನ್ನು ಮಾಂಸಕ್ಕೆ ಕೊಡುವುದಿಲ್ಲವೆಂದು ಬರೆದುಕೊಟ್ಟವರು ಇಲ್ಲಿಯೇ ಇದ್ದಾರೆ," ಎಂದು ಅವನತ್ತ ಕೈ ತೋರಿಸಿದರು. ಒಂದು ಬದಿಯವರು ಚಪ್ಪಾಳೆ ತಟ್ಟಿದರು. ಅವನು ಎದ್ದು ನಿಂತು, ಕಲಿತ ವಾಕ್ಯವನ್ನು ಒಂದು ಪ್ರತ್ಯಯವೂ ಜಾರದಂತೆ ಹೇಳಿದ: ನನ್ನ ಕುದುರೆ ಈ ವಾರ ಸಾಯಲಿದೆ, ಅವಳನ್ನು ಹುಲ್ಲುಗಾವಲಿನ ಸೇಬಿನ ಮರದ ಕೆಳಗೆ ಹೂಳಲು ಯಾರ ಅನುಮತಿ ಬೇಕು?

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅಧಿಕಾರಿ ಚಮಚ ಕೆಳಗಿಟ್ಟು, ಅದು ಸಾಧ್ಯವಿಲ್ಲ ಎಂದರು. ಮಣ್ಣು ಮತ್ತು ಅಂತರ್ಜಲದ ರಕ್ಷಣೆಗಾಗಿ ಇಷ್ಟು ದೊಡ್ಡ ಪ್ರಾಣಿಯನ್ನು ಹೂಳುವಂತಿಲ್ಲ. ಸತ್ತ ಜಾನುವಾರುಗಳನ್ನು ಒಯ್ಯುವ ಲಾರಿ ಬರುತ್ತದೆ, ಕಾರ್ಖಾನೆಯಲ್ಲಿ ಅವನ್ನು ಕುದಿಸಿ ಕೊಬ್ಬನ್ನೂ ಪುಡಿಯನ್ನೂ ಬೇರ್ಪಡಿಸುತ್ತಾರೆ. ಅಷ್ಟು ಹೊತ್ತು ಒಂದು ಮಾತಿಗೂ ಒಪ್ಪದೆ ಜಗಳವಾಡಿದ್ದ ಅಭ್ಯರ್ಥಿ, ಕಟುಕ, ಒಡತಿ ಮೂವರೂ ಈಗ ಒಟ್ಟಿಗೆ ತಲೆಯಾಡಿಸಿದರು. ನನಗೆ ಆಘಾತವಾದದ್ದು ಇದೇ. ಕುದುರೆಯನ್ನು ತಿನ್ನಬೇಕೋ ಬೇಡವೋ ಎಂಬುದಕ್ಕೆ ಸಭೆ, ಭಾಷಣ, ಚುನಾವಣೆ. ಅದಕ್ಕೆ ನೆಲದಲ್ಲಿ ಜಾಗವಿಲ್ಲ ಎಂಬುದರಲ್ಲಿ ಯಾರಿಗೂ ಸಂದೇಹವೇ ಇಲ್ಲ.

ಅಭ್ಯರ್ಥಿ ಮೃದುವಾಗಿ, ಕುದುರೆಗಳನ್ನು ದಹಿಸುವ ವ್ಯವಸ್ಥೆ ಈಗ ಬಂದಿದೆ, ದೂರವಾದರೂ ಗೌರವಯುತವಾದದ್ದು, ಬೂದಿಯನ್ನು ಮನೆಗೇ ಕೊಡುತ್ತಾರೆ ಎಂದರು. "ನೀವು ಭಾರತೀಯರಿಗೆ ಅದು ಹತ್ತಿರದ್ದೇ ಅಲ್ಲವೇ?" ಎಂದೂ ಸೇರಿಸಿದರು. ಅವರ ಉದ್ದೇಶ ಒಳ್ಳೆಯದೇ ಇತ್ತು.

ಅವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಅವನ ಮನೆಯಲ್ಲಿ ಸುಡುವುದಿಲ್ಲ. ಲಿಂಗಾಯತರಾದ ನಮ್ಮ ಮನೆಯಲ್ಲಿಯೂ ಸುಡುವುದಿಲ್ಲ. ನನ್ನ ತಂದೆತಾಯಿಯರನ್ನು ಕೂರಿಸಿ ಮಣ್ಣು ಮಾಡಿದ್ದೇವೆ. ಅವನ ಅಜ್ಜನನ್ನು ಮಲಗಿಸಿ. ಆ ಕೋಣೆಯಲ್ಲಿದ್ದ ಇಬ್ಬರೇ ಭಾರತೀಯರಾದ ನಾವು ಹೂಳುವ ಜನರಾಗಿದ್ದೆವು. ಅದಕ್ಕೆ ಬೇಕಾದ ಜರ್ಮನ್ ವಾಕ್ಯವನ್ನು ನಾವು ಸಿದ್ಧಪಡಿಸಿಕೊಂಡಿರಲಿಲ್ಲ.

"ಸುಡೂದ ಬ್ಯಾಡ್ರಿ ಅಕ್ಕೋರ," ಎಂದು ಬಸ್ ನಿಲ್ದಾಣದಲ್ಲಿ ಹೇಳಿದ. "ಮೊದಲ ಕಾಲಾಗ ಉರಿ ಹೊತ್ತೈತಿ ಆಕಿಗೆ."

ಎರಡು ದಿನಗಳ ನಂತರ ಬೆಳಿಗ್ಗೆ ವೈದ್ಯೆ ಬಂದು ಸೂಜಿ ಕೊಟ್ಟರು. ಅವನು ಕುದುರೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು "ಬೇಟಿ, ಬೇಟಿ" ಎನ್ನುತ್ತಿದ್ದ. ನಾನು ಹೊರಗೆ ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಲಾರಿ ಬಂತು: ಮುಚ್ಚಿದ ಕಬ್ಬಿಣದ ದೊಡ್ಡ ಪೆಟ್ಟಿಗೆ, ಮೇಲೆ ಒಂದು ಕ್ರೇನ್. ಅದರೊಳಗೆ ಬೇರೆ ಏನೇನಿತ್ತೆಂದು ವಾಸನೆಯೇ ಹೇಳುತ್ತಿತ್ತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ, ಮತ್ತೆ ಅವನೆದುರು ಹಾಗೆ ಮಾಡಬಾರದೆಂದು ತೆಗೆದೆ. ಚಾಲಕ ಇಳಿದು ತಾಡಪತ್ರಿಯನ್ನು ಸರಿಸಿ, ಹಿಂಗಾಲಿಗೆ ಉಕ್ಕಿನ ಹಗ್ಗವನ್ನು ಬಿಗಿದ. ದಿನನಿತ್ಯದ ಕೆಲಸ, ವೇಗವಾಗಿ ಮಾಡುತ್ತಿದ್ದ.

"ಒಂದು ನಿಮಿಷ," ಎಂದು ಅವನು ಚಾಲಕನಿಗೆ ಜರ್ಮನ್‌ನಲ್ಲಿ ಹೇಳಿ, ಲಾಯದ ಒಳಗೆ ಓಡಿದ. ಹೊರಬಂದಾಗ ಅವನ ಕೈಯಲ್ಲಿ ನನ್ನ ಹಿತ್ತಾಳೆಯ ತಟ್ಟೆಯಿತ್ತು. ನನ್ನನ್ನು ಕೇಳಲಿಲ್ಲ. ನೇರವಾಗಿ ಸೇಬಿನ ಮರದ ಕಡೆ ಹೋಗಿ, ಮಂಡಿಯೂರಿ, ಒದ್ದೆ ಹುಲ್ಲಿನ ಬುಡವನ್ನು ಬೆರಳುಗಳಿಂದಲೇ ಕಿತ್ತು, ತಟ್ಟೆ ತುಂಬ ಮಣ್ಣು ತಂದ.

"ಇದನ್ನು ಅವಳ ಮೇಲೆ ಹಾಕಬಹುದೇ?" ಎಂದು ಚಾಲಕನನ್ನು ಕೇಳಿದ. ಪದಗಳ ಕ್ರಮ ತಪ್ಪಿತ್ತು. ಚಾಲಕ ತಟ್ಟೆಯನ್ನೂ ಅವನನ್ನೂ ನೋಡಿ, "ಕಲ್ಲು ಇಲ್ಲದಿದ್ದರೆ ಹಾಕಿ," ಎಂದು ಯಂತ್ರವನ್ನು ನಿಲ್ಲಿಸಿದ.

ಅವನು ಮೂರು ಹಿಡಿ ಹಾಕಿದ, ಹಣೆಯ ಮೇಲೆ, ಬಿಳಿ ಚುಕ್ಕೆಯಿದ್ದಲ್ಲಿ. ತುಟಿಗಳು ಅಲುಗುತ್ತಿದ್ದವು. ಆಮೇಲೆ ತಟ್ಟೆಯನ್ನು ನನ್ನ ಮುಂದೆ ಹಿಡಿದ. ಊರಿನಲ್ಲಿ ಯಾರದೇ ಮಣ್ಣಿಗೆ ಹೋದರೂ ಬರಿಗೈಯಲ್ಲಿ ಬರಬಾರದೆಂದು ತಾಯಿ ಹೇಳುತ್ತಿದ್ದರು. ನಾನೂ ಒಂದು ಹಿಡಿ ತೆಗೆದು ಕುತ್ತಿಗೆಯ ಮೇಲೆ ಹಾಕಿದೆ. ತಣ್ಣಗಿನ ಮಣ್ಣಿನ ಅಡಿಯಲ್ಲಿ ಕೂದಲು ಇನ್ನೂ ಬೆಚ್ಚಗಿತ್ತು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಲಾಯದ ಒಡತಿ ಕೂಡ ಒಂದು ಹೆಜ್ಜೆ ಮುಂದಿಟ್ಟು, ಹಾಗೆಯೇ ನಿಂತುಬಿಟ್ಟರು.

ಕ್ರೇನ್ ಎತ್ತಿತು. ಹಾಕಿದ ಮಣ್ಣಿನಲ್ಲಿ ಬಹುಪಾಲು ಅಂಗಳದ ಕಾಂಕ್ರೀಟಿನ ಮೇಲೆಯೇ ಉದುರಿತು. ಸ್ವಲ್ಪ ಅವಳೊಂದಿಗೆ ಹೋಯಿತು.

ಲಾರಿ ರಸ್ತೆಯ ತಿರುವಿನಲ್ಲಿ ಮರೆಯಾದ ಮೇಲೆ ಅವನು ಅಂಗಳದಲ್ಲಿಯೇ ಕುಳಿತು ಕೇಳಿದ: "ಅಕ್ಕೋರ, ಇದು ಮಣ್ಣು ಕೊಟ್ಟಂಗ ಆತೇನ್ರಿ?"

"ಆತು, ತಮ್ಮಾ," ಎಂದೆ. ಆ ಉತ್ತರ ಸರಿಯೋ ತಪ್ಪೋ ನನಗೆ ಈಗಲೂ ತಿಳಿಯದು.

ಒಡತಿ ಅಂಗಳ ತೊಳೆಯಲೆಂದು ನೀರಿನ ಪೈಪು ಎಳೆದುಕೊಂಡು ಬಂದರು. ಉದುರಿದ ಮಣ್ಣಿನ ಪಕ್ಕದಲ್ಲಿ ಅವನಿನ್ನೂ ಕುಳಿತಿದ್ದ. ಆಕೆ ನಲ್ಲಿಯನ್ನು ತಿರುಗಿಸಲಿಲ್ಲ. ಪೈಪನ್ನು ಕೈಯಲ್ಲಿ ಹಿಡಿದುಕೊಂಡೇ, ಅವನು ಏಳುವುದನ್ನು ಕಾಯುತ್ತ ನಿಂತರು.