ಗುಂಡಿ ಮಾವನ ಕಿವಿ

ಮಣ್ಣು ಪರೀಕ್ಷೆ ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಹಿತ್ತಾಳೆಯ ಜರಡಿಯೊಂದು ಕಪಾಟಿನ ಮೇಲಿಂದ ಜಾರಿ ಸಿಮೆಂಟು ನೆಲಕ್ಕೆ ಢಣಾರ್ ಎಂದು ಬಿತ್ತು. ಒಳಗಿದ್ದವರೆಲ್ಲ ಬೆಚ್ಚಿಬಿದ್ದರು. ಬೆಚ್ಚದವನು ಒಬ್ಬನೇ, ಗುಂಡಿ ಮಾವ. ಜರಡಿ ಬಿದ್ದದ್ದು ಅವನ ಬೆನ್ನ ಹಿಂದೆಯೇ. ಅವನು ಮಾತ್ರ ತಟ್ಟೆಯಲ್ಲಿ ಒಣಗಲು ಹರಡಿದ್ದ ಮಣ್ಣನ್ನು ಬೆರಳಿನಿಂದ ಆಡಿಸುತ್ತಾ, ಯಾವುದೋ ಹಳೇ ಹಾಡು ಗುನುಗುತ್ತಾ ಕೂತಿದ್ದ.

"ನೋಡ್ರೋ ನಮ್ಮ ಮಾವನ ಧೈರ್ಯಾನ! ಗುಡ್ಡ ತಲೆ ಮೇಲೆ ಬಿದ್ರೂ ಜಪ್ಪಯ್ಯ ಅನ್ನಲ್ಲ" ಎಂದು ಚೀಲಗಳಿಗೆ ಚೀಟಿ ಕಟ್ಟುವವನು ನಕ್ಕ. ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತು ಮರದ ಸುತ್ತಿಗೆಯಿಂದ ಮಣ್ಣಿನ ಹೆಂಟೆ ಪುಡಿ ಮಾಡುತ್ತಿದ್ದ ಅವನ ಹೆಂಡತಿಯೂ ಹಲ್ಲು ಕಿರಿದಳು. ಎದೆ ಮಾತ್ರ ಧಸಕ್ ಎಂದಿತು.

ಧೈರ್ಯವೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಗಂಡನಿಗೆ ಕಿವಿ ಕೇಳುತ್ತಿರಲಿಲ್ಲ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿಕೊಂಡು ಹೇಗೋ ಸಂಭಾಳಿಸುತ್ತಿದ್ದ. ಬೆನ್ನ ಹಿಂದೆ ಏನಾದರೂ ಆದರೆ ಅವನ ಪಾಲಿಗೆ ಆಗಲೇ ಇಲ್ಲ ಎಂದೇ ಲೆಕ್ಕ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಕಟ್ಟಿಕೊಂಡ ಹೆಂಡತಿಗೂ. ಗಂಡಸರ ಬಿಂಕ ಅಂತ ಒಂದಿರುತ್ತಲ್ಲ, ಅದಕ್ಕೆ ಕಿವಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅವಳೂ ಗೊತ್ತಾಗಿದೆ ಅಂತ ಬಾಯಿ ಬಿಟ್ಟಿರಲಿಲ್ಲ.

ಬೇರೆ ಯಾವ ಕೆಲಸದವನಾಗಿದ್ದರೂ ಹೋಗಲಿ ಬಿಡಿ ಅನ್ನಬಹುದಿತ್ತು. ಈ ಮನುಷ್ಯನ ಕೆಲಸವೇ ಕಿವಿಯ ಕೆಲಸ. ಗುಡ್ಡದ ಕಾಡಿನಲ್ಲಿ ಎದೆಮಟ್ಟದ ಗುಂಡಿ ತೋಡಬೇಕು. ಒಂದು ಗೋಡೆಯನ್ನು ಚೂರಿಯಿಂದ ಕೆರೆದು ನುಣುಪು ಮಾಡಬೇಕು. ಆಮೇಲೆ ಕಚೇರಿಯ ಮೇಡಂ ಗುಂಡಿಗೆ ಇಳಿದು, ಆ ಗೋಡೆಯನ್ನು ಮೇಲಿಂದ ಕೆಳಗೆ ಪದರ ಪದರವಾಗಿ ನೋಡಿ ಬರೆದುಕೊಳ್ಳುತ್ತಾಳೆ. ಅಷ್ಟು ಹೊತ್ತೂ ಗುಂಡಿ ತೋಡಿದವನು ದಂಡೆ ಮೇಲೆ ಕೂತು ಕಿವಿ ಕೊಡಬೇಕು. ಅದು ಈ ಕಸುಬಿನ ಮೊದಲ ನಿಯಮ.

ಯಾಕೆ ಅಂದರೆ ಆ ಕಾಡಿನ ಮಣ್ಣೇ ಹಾಗೆ. ಮೇಲೆ ಕೊಳೆತ ಎಲೆಯ ಕರೀ ಪದರ, ಬೆರಳುದ್ದ ದಪ್ಪ. ಮೂಗಿಗೆ ಹಿಡಿದರೆ ಮಳೆ ಬಂದು ನಿಂತಂಥ ವಾಸನೆ. ನೋಡಿದವರು ಅಬ್ಬಾ, ಎಂಥ ಮಣ್ಣು ಅಂತ ಮರುಳಾಗಬೇಕು. ಗುದ್ದಲಿ ಇಳಿಸಿ ನೋಡಿ, ಅಲ್ಲಿಂದ ಕೆಳಗೆ ಬರೀ ಗರಸು. ಹೊಳೆಯ ಉರುಟು ಕಲ್ಲಲ್ಲ, ಮೇಲಿನ ಬಂಡೆ ಒಡೆದು ಉರುಳಿ ಬಂದ ಚೂಪು ಮೂಲೆಯ ಚೂರುಗಳು, ನಡುವೆ ಸಂದು ತುಂಬಲು ಒಂದಿಷ್ಟು ಕಂದು ಮಣ್ಣು. ನೀರು ಸುರಿದರೆ ನಿಲ್ಲುವುದಿಲ್ಲ, ಗಟಗಟ ಇಳಿದು ಹೋಗುತ್ತದೆ. ಈ ಕಲ್ಲುಗಳನ್ನು ಒಟ್ಟಿಗೆ ಹಿಡಿದಿರುವುದು ಮರದ ಬೇರು. ಬೇರು ಕೈಬಿಟ್ಟರೆ ಮಣ್ಣೂ ಕೈಬಿಡುತ್ತದೆ.

ಆದರೆ ಹೇಳದೆ ಕೇಳದೆ ಬೀಳುವ ಮಣ್ಣಲ್ಲ ಅದು. ಮೊದಲು ಸಂದಿನ ಪುಡಿ ಉದುರುತ್ತದೆ. ಆಮೇಲೆ ಸಣ್ಣ ಹರಳುಗಳು ಚರ್ ಚರ್ ಎನ್ನುತ್ತವೆ. ಆಮೇಲೆ ಗೋಡೆ. ಹರಳಿಗೂ ಗೋಡೆಗೂ ನಡುವೆ ಕೈ ಹಿಡಿದು ಮೇಲೆಳೆಯುವಷ್ಟು ಹೊತ್ತು ಸಿಗುತ್ತದೆ. ಆ ಚರ್ ಚರ್ ಕೇಳಿದ ಕೂಡಲೇ "ಏಳಿ!" ಎಂದು ಕೂಗಿ ಕೈ ಚಾಚುವವನು ಗುಂಡಿ ಮಾವ. ಹೀಗೆ ಎಷ್ಟು ಜನರನ್ನು ಎಳೆದುಕೊಂಡಿದ್ದನೋ! ಹಳೇ ಸಾಹೇಬರು ನಿವೃತ್ತಿಯ ದಿನ ಎಲ್ಲರೆದುರು ಅವನ ಕಿವಿ ಹಿಂಡಿ, "ಈ ಕಿವಿಯಿಂದ ನಾನು ಬದುಕಿದ್ದೀನಿ ಕಣಯ್ಯಾ" ಅಂದಿದ್ದರು. ಆ ಒಂದು ಮಾತನ್ನು ಅವನು ಬಂದವರಿಗೆಲ್ಲ ಹೇಳಿ ಹೇಳಿ ಹೆಂಡತಿಯ ತಲೆ ತಿಂದಿದ್ದ. ಅಂಥವನು ಈಗ ಕಿವಿ ಹೋಯಿತು ಅಂತ ಯಾವ ಬಾಯಲ್ಲಿ ಹೇಳಬೇಕು?

ಹೇಳಿದರೆ ದಂಡೆಯಿಂದ ಎಬ್ಬಿಸುತ್ತಾರೆ, ಅವನು ಜೀವಂತ ಹೆಣವಾಗುತ್ತಾನೆ. ಹೇಳದಿದ್ದರೆ ಒಂದಲ್ಲ ಒಂದು ದಿನ ಗುಂಡಿಯಲ್ಲಿ ಇದ್ದವರು ಮೇಲೆ ಬರುವುದಿಲ್ಲ. ಇದನ್ನು ಯೋಚಿಸಿ ಯೋಚಿಸಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೆ ತಾನೇ ಒಂದು ಉಪಾಯ ಹೂಡಿದಳು. ಮಣ್ಣಿನ ಚೀಲ ಹೊರುವ ಕೆಲಸ ಕೇಳಿ ಪಡೆದು ಕಾಡಿಗೆ ಜೊತೆಯಲ್ಲೇ ಹೊರಟಳು. ಗುಂಡಿಯ ಆಚೆ, ಅವನ ಕಣ್ಣಿಗೆ ನೇರ ಬೀಳುವಂತೆ ಕೂರುತ್ತಿದ್ದಳು. ಚರ್ ಎಂದರೆ ಸಾಕು, ತಲೆ ತುರಿಸಿಕೊಳ್ಳುವವಳಂತೆ ಕೈಯನ್ನು ನೆತ್ತಿ ಮೇಲೆ ಇಡುತ್ತಿದ್ದಳು. ಅವನು ಕೂಡಲೇ "ಏಳಿ!" ಎಂದು ಕೂಗುತ್ತಿದ್ದ. ಇವಳು ಯಾಕೆ ಸರಿಯಾಗಿ ಅದೇ ಹೊತ್ತಿಗೆ ತಲೆ ತುರಿಸಿಕೊಳ್ಳುತ್ತಾಳೆ ಅಂತ ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. "ಏನು ಅತ್ತೆ, ತಲೇಲಿ ಹೇನಾ?" ಎಂದು ಮೇಡಂ ಒಮ್ಮೆ ಕಿಚಾಯಿಸಿದ್ದೂ ಆಯಿತು.

ಮೇಡಂ ಅಂದರೆ ದೊಡ್ಡ ವಯಸ್ಸಿನವಳೇನಲ್ಲ, ಇವರ ಮಗಳಷ್ಟು. ಕೆಲಸದಲ್ಲಿ ಚುರುಕು, ಗುಡ್ಡ ಹತ್ತುವುದರಲ್ಲಿ ಆಡಿನ ಮರಿ. ಇವರನ್ನು ಮಾವ, ಅತ್ತೆ ಎಂದೇ ಕರೆಯುವಳು. ಬುತ್ತಿ ಬಿಚ್ಚಿದರೆ ಹಂಚಿಕೊಂಡೇ ತಿನ್ನುವಳು.

ಆ ದಿನ ಹೋದದ್ದು ಮರ ಕಡಿದು ಬೋಳಾಗಿದ್ದ ಇಳಿಜಾರಿಗೆ. ಅಲ್ಲಿ ಮತ್ತೆ ಸಸಿ ನೆಟ್ಟರೆ ಹಿಡಿಯುತ್ತದೋ ಇಲ್ಲವೋ ನೋಡಬೇಕಿತ್ತು. ಗುಂಡಿ ಹಿಂದಿನ ದಿನವೇ ತೋಡಿ ಆಗಿತ್ತು. ಮೇಡಂ ಇಳಿದು ಗೋಡೆಯಲ್ಲಿ ಚಾಚಿಕೊಂಡಿದ್ದ ಒಂದು ಬೇರನ್ನು ಚಿವುಟಿದಳು. ಒಳಗೆ ಹಸಿ ಇರಲಿಲ್ಲ, ಕಡ್ಡಿಯ ಹಾಗೆ ಲಟಕ್ಕೆಂದು ಮುರಿಯಿತು.

"ಮಾವ, ಬೇರುಗಳೆಲ್ಲ ಸತ್ತಿವೆ. ಗೋಡೆ ಸಡಿಲ ಇರಬಹುದು. ಸ್ವಲ್ಪ ಹುಷಾರಾಗಿ ಕಿವಿ ಕೊಡಿ" ಎಂದಳು ಮುಖ ಎತ್ತಿ.

"ನಾನಿರೋವಾಗ ನಿಮಗ್ಯಾಕೆ ಚಿಂತೆ?" ಎಂದ ಈ ಮಹಾಶಯ.

ಹೆಂಡತಿಗೆ ಮೈ ಉರಿದುಹೋಯಿತು. ಮೇಡಂ ಮೇಲೆ ಬಂದು, ನೀರು ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಲು ಗುಂಡಿಯ ಪಕ್ಕದ ನೆಲಕ್ಕೆ ತಗಡಿನ ದೊಡ್ಡ ಬಳೆ ಬಡಿದು, ಅದರೊಳಗೆ ಕ್ಯಾನಿನ ನೀರನ್ನೆಲ್ಲ ಸುರಿದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ನೀರು ಮಂಗಮಾಯ. ಆಮೇಲೆ ಗೋಡೆಯ ಫೋಟೋ ತೆಗೆಯಬೇಕಿತ್ತು. ಅರ್ಧ ಬಿಸಿಲು ಅರ್ಧ ನೆರಳು ಬಿದ್ದರೆ ಮಣ್ಣಿನ ಬಣ್ಣ ಕೆಡುತ್ತದೆ. ಅದಕ್ಕೆ ಗುಂಡಿ ಮಾವ ಜಾಗ ಬದಲಿಸಿ, ಹೆಂಡತಿ ಕೂತಿದ್ದ ದಂಡೆಗೇ ಬಂದು, ಎರಡೂ ಕೈಯಲ್ಲಿ ಬಟ್ಟೆ ಅಗಲಿಸಿ ಹಿಡಿದು ನೆರಳು ಮಾಡಿ ನಿಂತ. ಈಗ ಅವನ ಬೆನ್ನು ಹೆಂಡತಿಯ ಕಡೆಗೆ. ಅವಳು ಎದ್ದು ಆಚೆ ಹೋಗಿ ಕೂರೋಣ ಎನ್ನುವಷ್ಟರಲ್ಲಿ ಮೇಡಂ ಗುಂಡಿಗೆ ಇಳಿದು ಕೂಗಿದಳು.

"ಅತ್ತೆ, ಮಣ್ಣು ಕಲಸಿ ನೋಡೋಕೆ ನೀರಿಲ್ಲ. ತೊರೆಯಿಂದ ಒಂದು ಕ್ಯಾನ್ ತಂದ್ಬಿಡ್ತೀರಾ?"

"ಆಮೇಲೆ ತರ್ತೀನಿ ಮೇಡಂ, ನೀವು ಮೊದಲು ಮೇಲೆ ಬನ್ನಿ."

"ಅಯ್ಯೋ, ಬಿಸಿಲು ಹೋಗ್ಬಿಡುತ್ತೆ ಅತ್ತೆ. ಮಾವ ಇದ್ದಾರಲ್ಲ!"

ಮಾವ ಇದ್ದಾನೆ. ಇದ್ದಾನೆ, ಕಲ್ಲುಗುಂಡಿನ ಹಾಗೆ. ಹೇಳಿಬಿಡಲೇ? ನಾಲಿಗೆ ತುದಿಗೆ ಬಂದಿತ್ತು. ಬಟ್ಟೆ ಹಿಡಿದು ಎದೆ ಸೆಟೆಸಿ ನಿಂತ ಅವನ ಬೆನ್ನು ನೋಡಿದಳು. ಮಾತು ನುಂಗಿಕೊಂಡು ಕ್ಯಾನ್ ಎತ್ತಿಕೊಂಡಳು. ಓಡಿದಳು ಎನ್ನಬೇಕು. ಕ್ಯಾನ್ ತುಂಬುವವರೆಗೂ ಕಾಯಲಿಲ್ಲ, ಅರ್ಧಕ್ಕೇ ಎತ್ತಿಕೊಂಡು ಏದುಸಿರು ಬಿಡುತ್ತಾ ಹತ್ತಿ ಬಂದಳು. ಗುಂಡಿ ಇನ್ನೂ ಕಲ್ಲೆಸೆತದ ದೂರದಲ್ಲಿತ್ತು. ಮರವಿಲ್ಲದ ಗುಡ್ಡ, ಹಕ್ಕಿಯ ಸದ್ದೂ ಇಲ್ಲ. ಆ ನಿಶ್ಶಬ್ದದಲ್ಲಿ ಕೇಳಿಸಿತು.

ಚರ್. ಚರ್ ಚರ್.

"ರೀ!" ಎಂದು ಕಿರುಚಿದಳು. ಬೆನ್ನು ಅಲುಗಲಿಲ್ಲ. "ರೀ! ಗೋಡೆ! ಮೇಡಂ, ಏಳಿ, ಮೇಲೆ ಬನ್ನಿ!" ಗಾಳಿ ಎದುರಿನಿಂದ ಬೀಸುತ್ತಿತ್ತು. ಗುಂಡಿಯೊಳಗೆ ಬಗ್ಗಿದ್ದ ಮೇಡಂಗೆ ಯಾರೋ ಕೂಗಿದಂತೆ ಅನಿಸಿತಂತೆ, ಕಾಲ ಬಳಿ ಹರಳು ಉದುರಿದ್ದೂ ಗೊತ್ತಾಯಿತಂತೆ. ಆದರೆ ತಲೆ ಎತ್ತಿ ನೋಡಿದರೆ ಮಾವ ಆರಾಮಾಗಿ ಬಟ್ಟೆ ಹಿಡಿದು ನಿಂತಿದ್ದಾನೆ. ಮಾವ ಸುಮ್ಮನಿದ್ದಾನೆ ಅಂದರೆ ಗೋಡೆ ಗಟ್ಟಿ ಇದೆ ಎಂದರ್ಥ. ಮತ್ತೆ ಬಗ್ಗಿದಳು.

ಓಡಿ ತಲುಪುವಷ್ಟು ಹೊತ್ತಿಲ್ಲ. ಹೆಂಡತಿ ಕ್ಯಾನ್ ಬಿಸಾಡಿದಳು. ಕೈಗೆ ಸಿಕ್ಕ ಗರಸುಕಲ್ಲು ಎತ್ತಿ ಬೀಸಿ ಹೊಡೆದಳು. ಹಿತ್ತಲಿನ ಮಂಗ ಓಡಿಸಿ ಪಳಗಿದ ಕೈ, ಗುರಿ ತಪ್ಪಲಿಲ್ಲ. ಕಲ್ಲು ಗಂಡನ ಭುಜದ ಮೂಳೆಗೆ ಫಟ್ಟೆಂದು ಬಿತ್ತು. "ಯಾವನೋ ಅವನು!" ಎಂದು ಅವನು ಕೆಂಡವಾಗಿ ತಿರುಗಿದ. ನೋಡಿದರೆ ಹೆಂಡತಿ. ಎರಡೂ ಕೈ ನೆತ್ತಿ ಮೇಲೆ ಒತ್ತಿಕೊಂಡು ನಿಂತಿದ್ದಾಳೆ.

ಅವನು ಒಂದು ಚಣವೂ ಏನು ಎತ್ತ ಅಂತ ಯೋಚಿಸಲಿಲ್ಲ. ಬಟ್ಟೆ ಬಿಸಾಡಿ, ಹೊಟ್ಟೆ ಮೇಲೆ ಮಲಗಿ, ಮೇಡಂ ರಟ್ಟೆಗೆ ಕೈ ಹಾಕಿ ಎಳೆದ. ಧೊಪ್ಪೆಂದು ಗೋಡೆ ಬಂತು.

ಹೆಂಡತಿ ತಲುಪುವಾಗ ಧೂಳು ಇನ್ನೂ ಕೂತಿರಲಿಲ್ಲ. ಮೇಡಂ ಎದೆ, ತಲೆ ದಂಡೆ ಮೇಲಿತ್ತು, ಕಾಲು ತೊಡೆವರೆಗೆ ಕಲ್ಲಿನಡಿ. ಗಂಡ ಹೆಂಡತಿ ಇಬ್ಬರೂ ಉಗುರು ಕಿತ್ತುಹೋಗುವಂತೆ ಕಲ್ಲು ಬಗೆದರು. ಕಾಲು ಹೊರಗೆ ಬಂತು. ಒಂದು ಪಾದ ಊದಿ ನೀಲಿಯಾಗಿತ್ತು, ಚರ್ಮ ಸುಲಿದಿತ್ತು. ಜೀವ ಇತ್ತು. ಅವಳು ಮೇಡಂನ ತಲೆ ತೊಡೆಯ ಮೇಲಿಟ್ಟುಕೊಂಡು ಗಳಗಳ ಅತ್ತಳು.

ಗುಂಡಿ ಮಾವ ಎದುರಿಗೆ ಕೂತ. "ನಂಗೆ ಕಿವಿ ಕೇಳಲ್ಲ ಮೇಡಂ" ಎಂದ. ಅಷ್ಟು ಹೇಳಲು ಅವನಿಗೆ ಗುಡ್ಡ ಹೊತ್ತಷ್ಟು ಆಯಾಸವಾಯಿತು. "ತುಂಬಾ ದಿನ ಆಯ್ತು. ಇವಳು ತಲೆ ಮೇಲೆ ಕೈ ಇಟ್ರೆ ಕೂಗ್ತಿದ್ದೆ. ನಂಗೇನೂ ಕೇಳ್ತಿರ್ಲಿಲ್ಲ."

ಅಂದರೆ ಅವನಿಗೂ ಎಲ್ಲ ಗೊತ್ತಿತ್ತು!

ಮೇಡಂ ಅವನನ್ನು ನೋಡಿದಳು. ಬೈಯಲಿಲ್ಲ. ನಿಧಾನವಾಗಿ ಮುಖ ಮೇಲೆತ್ತಿ ಹೆಂಡತಿಯ ಕಡೆ ತಿರುಗಿದಳು.

"ಅತ್ತೆ, ಮಾವನಿಗೆ ಕೇಳಿಸ್ತಿರ್ಲಿಲ್ಲ, ಸರಿ. ನಿಮಗೆ ಕೇಳಿಸ್ತಿತ್ತಲ್ಲ?"

ಅವಳ ಅಳು ಗಕ್ಕನೆ ನಿಂತಿತು. ಗಂಡನ ಮಾನ ಉಳಿಸಿದೆ ಎನ್ನಬೇಕೇ? ಇನ್ನೊಬ್ಬರ ಮಗಳನ್ನು ಗುಂಡಿಗೆ ಇಳಿಸಿ, ಕ್ಯಾನ್ ಎತ್ತಿಕೊಂಡು ಹೋದವಳು ತಾನು. "ತಪ್ಪಾಯ್ತು ತಾಯಿ" ಎಂದಳು. ಮೇಡಂ ಅವಳ ತೊಡೆಯಿಂದ ತಲೆ ಎತ್ತಲಿಲ್ಲ. ಬಹುಶಃ ಎತ್ತಲು ಶಕ್ತಿ ಇರಲಿಲ್ಲ.

ಇಬ್ಬರೂ ಸೇರಿ ಅವಳನ್ನು ಹೊತ್ತು ಇಳಿಸಿದರು. ಜೀಪು ಬಂತು, ಆಸ್ಪತ್ರೆಗೆ ಸೇರಿಸಿದ್ದಾಯಿತು. ಪಾದದ ಮೂಳೆ ಬಿರುಕು ಬಿಟ್ಟಿದೆ, ಕೂಡಿಕೊಳ್ಳುತ್ತದೆ ಅಂದರು. ಕಚೇರಿಯಲ್ಲಿ ಸಾಹೇಬರ ಎದುರು ನಿಂತು ಗುಂಡಿ ಮಾವ ಅದೇ ಮಾತನ್ನು ಮತ್ತೆ ಹೇಳಿದ. ಇನ್ನು ದಂಡೆ ಮೇಲೆ ಕೂರುವ ಹಾಗಿಲ್ಲ ಎಂದರು. ತಲೆ ಆಡಿಸಿದ. ಗುದ್ದಲಿ, ಹಾರೆ ಶೆಡ್ಡಿನಲ್ಲಿಟ್ಟು ಹೊರಗೆ ಬಂದ.

ಪೇಟೆ ಬೀದಿಯಲ್ಲಿ ಅಂಗಡಿಗಳ ದೀಪ ಹತ್ತುವ ಹೊತ್ತು. ಅವನು ಮುಂದೆ, ಅವಳು ಹಿಂದೆ. ಇಷ್ಟು ದಿನ ಬೀದಿಯಲ್ಲಿ ಅವನಿಗೆ ಏನಾದರೂ ಹೇಳಬೇಕಾದರೆ ಅವಳು ಓಡಿ ಎದುರಿಗೆ ಹೋಗಿ, ಯಾರಿಗೂ ಗೊತ್ತಾಗದಂತೆ ತುಟಿ ಆಡಿಸುತ್ತಿದ್ದಳು. ಇವತ್ತು ನಡುಬೀದಿಯಲ್ಲಿ ನಿಂತಳು. ಎದೆ ತುಂಬ ಉಸಿರು ಎಳೆದುಕೊಂಡಳು.

"ರೀ! ನಿಮ್ಮನ್ನೇ ಕರೀತಿರೋದು! ನಾಳೆ ಕಿವಿ ಡಾಕ್ಟರ ಹತ್ರ ಹೋಗೋಣ!"

ಔಷಧಿ ಅಂಗಡಿಯವನು ತಲೆ ಹೊರಗೆ ಹಾಕಿದ. ಸೈಕಲ್ ಮೇಲಿದ್ದವನು ಕಾಲೂರಿ ನಿಂತ. ಬೀದಿಗೆ ಬೀದಿಯೇ ತಿರುಗಿ ನೋಡಿತು, ಗಂಡ ಒಬ್ಬನನ್ನು ಬಿಟ್ಟು. ಅವನು ಭುಜದ ನೋವಿಗೆ ಕೈ ಒತ್ತಿಕೊಂಡು ತನ್ನ ಪಾಡಿಗೆ ನಡೆಯುತ್ತಿದ್ದ. ಅವಳು ಮತ್ತೆ ಕೂಗಿದಳು, ಇನ್ನೂ ಜೋರಾಗಿ.