ಸಾವಿತ್ರಮ್ಮನ ಎಕ್ಸ್‌ಟೆನ್ಷನ್

ಅಜ್ಜಂಪುರದಲ್ಲಿ ನಲವತ್ತರ ಆಸುಪಾಸಿನ ಯಾವ ಗಂಡಸನ್ನು ಬೇಕಾದರೂ ಹಿಡಿದು ಕೇಳಿ, ನಮ್ಮ ಅತ್ತೆ ಸಾವಿತ್ರಮ್ಮನ ಕೈಯಲ್ಲಿ ಒಂದಲ್ಲ ಒಂದು ದಿನ ಸೋತಿರುತ್ತಾನೆ. ಚುನಾವಣೆಯಲ್ಲಲ್ಲ, ವಿಡಿಯೋ ಗೇಮಿನಲ್ಲಿ. ಈಗ ಅವರಿಗೆ ಅರವತ್ತೇಳು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರೆ ಈಯಮ್ಮನೇ ಊರ ಹುಡುಗರನ್ನೆಲ್ಲ ಮಣ್ಣುಮುಕ್ಕಿಸಿದವರೆಂದು ಯಾರೂ ನಂಬುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ನಂಬಿರಲಿಲ್ಲ.

ನಾನು ತನುಜಾ, ಅವರ ಸೊಸೆ. ಸ್ಟೇಷನ್ ರಸ್ತೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಮೊದಲು ಅದೇ ಕೋಣೆಯಲ್ಲಿ ಅತ್ತೆಯ ಗೇಮ್ ಅಂಗಡಿ ಇತ್ತು. ತೊಂಬತ್ತೈದರಲ್ಲಿ ಮಾವ ಬೆನಕಪ್ಪನವರು, ಮಗ ಏಳನೇ ತರಗತಿ ಪಾಸಾದನೆಂದು ಶಿವಮೊಗ್ಗದಿಂದ ಒಂದು ಗೇಮ್ ಸೆಟ್ ತಂದುಕೊಟ್ಟಿದ್ದರಂತೆ. ಬೂದು ಬಣ್ಣದ ಡಬ್ಬಿ, ಅದಕ್ಕೆ ವೈರಿನಲ್ಲಿ ಸಿಕ್ಕಿಸುವ ಎರಡು ರಿಮೋಟು, ಹಳದಿ ಕ್ಯಾಸೆಟ್ಟು. ವಾರ ಕಳೆಯುವುದರೊಳಗೆ ಮನೆ ತುಂಬ ಹುಡುಗರು. ಓಡಿಸಿದರೆ ಕಿಟಕಿಗೆ ನೇತಾಡಿದರು. ಅತ್ತೆಗೆ ರೇಗಿಹೋಯಿತು. "ನೋಡೋದಾದ್ರೆ ಕಾಸು ಕೊಟ್ಟು ಒಳಗ್ ಬಂದು ಕೂತ್ಕಳ್ರೋ, ಕಿಟಕಿ ಮುರೀಬೇಡಿ" ಅಂದರು. ಅಂಗಡಿ ಶುರುವಾದದ್ದು ಹಾಗೆ, ಸಿಟ್ಟಿನಲ್ಲಿ.

ಹುಡುಗರು ಶಾಲೆಯಲ್ಲಿರುವ ಹೊತ್ತಿನಲ್ಲಿ, ಒಲೆಯ ಮೇಲೆ ಸಾರು ಕುದಿಯಲು ಬಿಟ್ಟು ಅತ್ತೆ ತಾವೇ ಆಡಿ ಆಡಿ ಕಲಿತರು. ಅದರಲ್ಲಿದ್ದ ಒಂದು ಕುಸ್ತಿ ಆಟ ಅವರಿಗೆ ಪಕ್ಕಾ ಆಯಿತು. ಕೆಂಪು ಚಡ್ಡಿಯವನು ಒಬ್ಬ, ನೀಲಿ ಚಡ್ಡಿಯವನು ಒಬ್ಬ, ಮೂರು ಸುತ್ತು. ಕೆಂಪು ಚಡ್ಡಿ ಯಾವಾಗಲೂ ಅತ್ತೆಯದು. ಎಷ್ಟು ಧೈರ್ಯ ನೋಡಿ, ಬಾಗಿಲಿಗೆ ಸ್ಲೇಟು ತೂಗುಹಾಕಿ ಬರೆದಿದ್ದರು: "ಸಾವಿತ್ರಮ್ಮನನ್ನು ಸೋಲಿಸಿದವರಿಗೆ ಜೀವನಪರ್ಯಂತ ಫ್ರೀ." ಒಂಬತ್ತು ವರ್ಷ ಆ ಸ್ಲೇಟು ಅಲ್ಲೇ ಇತ್ತು. ಯಾರಿಗೂ ಫ್ರೀ ಸಿಗಲಿಲ್ಲ.

ಒಬ್ಬನಿಗೆ ಇನ್ನೇನು ಸಿಕ್ಕೇಬಿಡುತ್ತಿತ್ತು. ತೊಂಬತ್ತೆಂಟರಲ್ಲಿ, ಒಂಬತ್ತನೇ ತರಗತಿಯ ರಾಜಶೇಖರ್. ಒಂದು ಸುತ್ತು ಇವರು, ಒಂದು ಸುತ್ತು ಅವನು. ಮೂರನೆಯದರಲ್ಲಿ ಕೆಂಪು ಚಡ್ಡಿ ಅಂಗಾತ ಬಿದ್ದಿದೆ, ನೀಲಿ ಚಡ್ಡಿ ಮೇಲೆ ಹಾರಲಿದೆ, ಇಪ್ಪತ್ತು ಹುಡುಗರು ಉಸಿರು ಬಿಗಿಹಿಡಿದಿದ್ದಾರೆ. ಅಷ್ಟರಲ್ಲಿ ಕರೆಂಟು ಹೋಯಿತು. "ಆಟ ಮುಗೀಲಿಲ್ಲ, ಲೆಕ್ಕಕ್ಕಿಲ್ಲ" ಅಂದರು ಅತ್ತೆ. ಮಾರನೆಯ ದಿನದಿಂದ ಆ ಹುಡುಗ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಈ ಕಥೆಯನ್ನು ನಾನು ನನ್ನ ಗಂಡ ಪ್ರಸನ್ನಕುಮಾರನ ಬಾಯಲ್ಲಿ ಕಡಿಮೆಯೆಂದರೆ ನೂರು ಸಲ ಕೇಳಿದ್ದೇನೆ.

ಆ ರಾಜಶೇಖರ್ ಮೂರು ವರ್ಷದ ಹಿಂದೆ ಸರ್ವೇಯರ್ ಆಗಿ ನಮ್ಮ ತಾಲ್ಲೂಕು ಆಫೀಸಿಗೇ ಬಂದ. ಜೆರಾಕ್ಸಿಗೆಂದು ಅಂಗಡಿಗೆ ಬಂದವನನ್ನು ಅತ್ತೆ ಒಂದೇ ನೋಟಕ್ಕೆ ಗುರುತು ಹಿಡಿದರು. ಆವತ್ತಿನಿಂದ ಇಬ್ಬರದೂ ಒಂದೇ ಜಗಳ. "ಕರೆಂಟ್ ಹೋಗ್ದಿದ್ರೆ ಏನಾಗ್ತಿತ್ತಮ್ಮಾ?" ಅಂತ ಅವನು ನಗುವುದು, "ಹೋಗಿದ್ದಕ್ಕೆ ನಿನ್ನ ಮಾನ ಉಳೀತು ಕಣೋ" ಅಂತ ಇವರು ಗದರುವುದು. ಊರಿನ ಜಮೀನಿಗೆಲ್ಲ ಹದ್ದುಬಸ್ತು ಮಾಡಿಕೊಡುವವನಿಗೆ ಈ ಒಂದು ಗಡಿ ಮಾತ್ರ ಗುರುತಿಸಲಾಗಲಿಲ್ಲ.

ಹೋದ ತಿಂಗಳು ಅವನಿಗೆ ಬೀದರಿಗೆ ವರ್ಗವಾಯಿತು. ಹೇಳಿಹೋಗಲು ಬಂದಾಗ ಅತ್ತೆ ನಗಲಿಲ್ಲ. "ಯಾವತ್ತು ಹೋಗ್ತೀಯ?" ಎಂದು ಕೇಳಿದರು. ಇನ್ನು ಹನ್ನೆರಡು ದಿನ, ಸೋಮವಾರ ಎಂದ. "ಹಿಂದಿನ ದಿನ, ಭಾನುವಾರ ಮಧ್ಯಾಹ್ನ ಇಲ್ಲಿಗೆ ಬಾ. ಆ ಆಟ ಮುಗಿಸೋಣ."

ಅವನು ಹೋದ ಮೇಲೆ ನಾನು ತಮಾಷೆ ಮಾಡಿದೆ. ಅತ್ತೆ ನನ್ನ ಕೈ ಹಿಡಿದುಕೊಂಡು, "ಅದು ಮುಗೀದೆ ಅವನು ಹೋಗ್ಬಿಟ್ರೆ ನಂಗೆ ಸಮಾಧಾನ ಇಲ್ಲ ಕಣೇ" ಅಂದರು. ನಲವತ್ತು ವರ್ಷದಲ್ಲಿ ಮಾವನ ಮುಂದೆಯೂ ಹೀಗೆ ಬೇಡಿಕೊಂಡ ಹೆಂಗಸಲ್ಲ ಅವರು.

ಅಟ್ಟದಿಂದ ಸೆಟ್ಟು ಇಳಿಸಿದೆವು. ಹಳೆಯ ಡಬ್ಬಾ ಟಿವಿಗೆ ಸಿಕ್ಕಿಸಿದರೆ, ಶಿವನೇ, ಮೊದಲ ಸಲಕ್ಕೇ ಕೆಂಪು ಚಡ್ಡಿ ಪ್ರತ್ಯಕ್ಷ! ತೊಂದರೆ ಬಂದದ್ದು ವೈರಿನಿಂದ. ರಿಮೋಟಿನ ವೈರು ನಾಲ್ಕೇ ಅಡಿ, ಟಿವಿಯ ಬುಡದಲ್ಲಿ ನೆಲದ ಮೇಲೆ ಕೂತು ಆಡಬೇಕು. ಅತ್ತೆಗೆ ಎರಡು ವರ್ಷದ ಹಿಂದೆ ಮಂಡಿ ಆಪರೇಷನ್ ಆಗಿದೆ, ನೆಲಕ್ಕೆ ಕೂರುವಂತಿಲ್ಲ. ಕುರ್ಚಿಯನ್ನೇ ಹತ್ತಿರ ಎಳೆದರೆ ಆಗಲಿಲ್ಲ, ಪೊರೆ ತೆಗೆಸಿ ಕಣ್ಣಿಗೆ ಹಾಕಿರುವುದು ದೂರದ ಲೆನ್ಸು, ಹತ್ತಿರದ್ದೆಲ್ಲ ಮಸುಕು. ಡಬ್ಬಿಯನ್ನು ಕುರ್ಚಿಯ ಕಡೆ ತಂದು ಟಿವಿಯ ವೈರು ಉದ್ದ ಮಾಡಿ ನೋಡಿದೆವು, ಪರದೆ ತುಂಬ ಇರುವೆ ಮುತ್ತಿದವು. ಕುರ್ಚಿ ಗೋಡೆಗೆ ಒರಗಿರಬೇಕು, ಡಬ್ಬಿ ಟಿವಿಯ ಹತ್ತಿರ ಇರಬೇಕು, ನಡುವೆ ಒಂಬತ್ತು ಅಡಿ. ರಿಮೋಟಿಗೆ ಎಕ್ಸ್‌ಟೆನ್ಷನ್ ಬೇಕು.

ಆನ್‌ಲೈನಿನಲ್ಲಿ ಹುಡುಕಿದೆ. ಊರಿನವರ ಅರ್ಜಿಗಳನ್ನೆಲ್ಲ ತುಂಬುವ ನನಗೆ ಒಂದು ವೈರು ಸಿಗುವುದಿಲ್ಲವೇ ಎಂಬ ಜಂಬ ಇತ್ತು. ಸರಿಯಾದದ್ದು ವಿದೇಶದಿಂದ ಬರಬೇಕು, ಸಾವಿರದ ಎಂಟುನೂರು, ಬರುವುದು ಮೂರು ವಾರಕ್ಕೆ. ಸೆಟ್ಟಿಗೇ ಅಷ್ಟು ಕೊಟ್ಟಿರಲಿಲ್ಲ! ಇನ್ನೂರೈವತ್ತಕ್ಕೆ ಒಂದು ಗಿಡ್ಡದ್ದು ಸಿಕ್ಕಿತು, ತರಿಸಿದೆ. ರಿಮೋಟಿಗೆ ಬೇಕಾದ ಒಂಬತ್ತು ಪಿನ್ನು ಸರಿಯಾಗಿಯೇ ಇತ್ತು, ಆದರೆ ಎರಡು ತುದಿಯಲ್ಲೂ ಚಾಚಿದ ಪಿನ್ನೇ, ಎರಡೂ ಗಂಡು. ಒಂದು ಗಂಡು ಒಂದು ಹೆಣ್ಣು ಇದ್ದರಲ್ಲವೇ ಸೇರುವುದು.

ತರೀಕೆರೆಗೆ ಹೋದೆ. ಮೂರು ಅಂಗಡಿಯಲ್ಲಿ "ಎಕ್ಸ್‌ಟೆನ್ಷನ್" ಅಂದೆ, ಮೂರರಲ್ಲೂ ನಾಲ್ಕು ಪ್ಲಗ್ಗಿನ ಎಕ್ಸ್‌ಟೆನ್ಷನ್ ಬೋರ್ಡು ತಂದು ಮುಂದಿಟ್ಟರು. "ಗೇಮಿಂದು ಕಣ್ರೀ" ಅಂದರೆ, "ಗೇಮನ್ನೂ ಇದ್ಕೇ ಹಾಕೋದು ಮೇಡಂ" ಅಂತ ನನಗೇ ಪಾಠ. ಬರಿಗೈಯಲ್ಲಿ ಬರುವುದೇಕೆಂದು, ಅಂಗಡಿಗಾದರೂ ಆಗುತ್ತದೆಂದು ಒಂದು ಬೋರ್ಡು ತಂದೆ. ಅದನ್ನು ನೋಡಿದ್ದೇ ಅತ್ತೆ ಕೆಂಡವಾದರು. "ಆ ದರಿದ್ರದ್ದನ್ನ ಟಿವಿ ಹತ್ರ ತರ್ಬೇಡ! ಆಚೆ ಇಡು!" ಬಿಸಿಲಲ್ಲಿ ಬಸ್ಸಿಗೆ ಕಾದು ಬಂದವಳಿಗೆ ಇದು ಮರ್ಯಾದೆ. ಆ ರಾತ್ರಿ ಅತ್ತೆಯ ಜೊತೆ ನಾನು ಮಾತಾಡಲಿಲ್ಲ.

ಆದರೂ ಮನಸ್ಸು ತಡೆಯಲಿಲ್ಲ. ಗುರುವಾರ ರಿಮೋಟನ್ನೂ ಆ ಗಿಡ್ಡ ವೈರನ್ನೂ ಚೀಲಕ್ಕೆ ಹಾಕಿಕೊಂಡು ಕಡೂರಿಗೆ ಹೋಗಿ ಒಬ್ಬ ಹಳೇ ಕಂಪ್ಯೂಟರ್ ರಿಪೇರಿಯವನ ಮೂಲೆ ಗುಡ್ಡೆಯನ್ನೆಲ್ಲ ಕೆದಕಿ ಇನ್ನೊಂದು ಒಂಬತ್ತು ಪಿನ್ನಿನ ವೈರು ಹಿಡಿದೆ. "ತಗಂಡೋಗಿ, ಕಾಸ್ ಬ್ಯಾಡ" ಅಂದ. ಬಸ್‌ಸ್ಟ್ಯಾಂಡಿನಲ್ಲಿ ಕೂತು ನೋಡಿದರೆ ಅದರ ಎರಡು ತುದಿಯೂ ಹೆಣ್ಣು. ಗಿಡ್ಡದ್ದಕ್ಕೆ ಸಿಕ್ಕಿಸಿದೆ, ಎರಡೂ ಸೇರಿ ಎರಡಡಿ ದಾಟಲಿಲ್ಲ. ಅಲ್ಲೇ ಅತ್ತುಬಿಡೋಣ ಅನ್ನಿಸಿತು.

ಪಂಚನಹಳ್ಳಿಯ ಬಸ್ಸು ಎದುರಿಗೇ ನಿಂತಿತ್ತು. ಪಂಚನಹಳ್ಳಿ ನನ್ನ ತವರು. ಅಲ್ಲಿ ನನ್ನ ಜೊತೆ ಓದಿದ ಓಂಕಾರೇಶ ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಮಾಡುತ್ತಾನೆ. ತೆಂಗಿನ ತೋಟದವರಿಗೆಲ್ಲ ಅವನೇ ಗತಿ. ಹತ್ತಿಬಿಟ್ಟೆ. ಎರಡು ವೈರನ್ನೂ ಅವನ ಮುಂದೆ ಎಸೆದು ಕಥೆಯೆಲ್ಲ ಹೇಳಿದೆ.

"ಲೇ ತನುಜಾ, ಗಂಡಿನ ಕಡೆಯಿಂದ ಒಂದು ತುದಿ, ಹೆಣ್ಣಿನ ಕಡೆಯಿಂದ ಒಂದು ತುದಿ. ಮದುವೆ ಮಾಡಿದ್ರಾಯ್ತು. ಅದ್ಯಾಕೆ ಮುಖ ಊದಿಸ್ಕಂಡಿದ್ದೀಯ?" ಎಂದವನೇ ಎರಡನ್ನೂ ಕಚಕ್ಕನೆ ಕತ್ತರಿಸಿದ. ರಿಮೋಟು ಬಿಚ್ಚಿ, ಮೀಟರು ಹಿಡಿದು, "ಕೆಲಸ ಮಾಡೋದು ಐದೇ ತಂತಿ" ಅಂದ. ಒಳಗಿನ ತಂತಿ ನೋಡಿ ಮೂಗು ಮುರಿದ. "ಇದೇನು ವೈರೇನೇ? ಕೂದಲು. ಇಂಥದ್ರಲ್ಲಿ ನಾನು ಜಾಯಿಂಟ್ ಹಾಕಲ್ಲ." ಮೂಲೆಯಲ್ಲಿ ಬಿದ್ದಿದ್ದ ಸಬ್‌ಮರ್ಸಿಬಲ್ ಪಂಪಿನ ಚಪ್ಪಟೆ ಕೇಬಲ್ಲನ್ನು ಎಳೆದ. ಒಂದು ಕೇಬಲ್ಲಿಗೆ ಮೂರು ತಂತಿ. ಎರಡು ತುಂಡು ಜೋಡಿಸಿದರೆ ಆರು. "ಒಂದು ಸ್ಪೇರ್ ಇರ್ಲಿ" ಅಂದ. ಬೆಸುಗೆ ಹಾಕಿ, ನೀರಿನೊಳಗೆ ಹಾಕುವ ಟೇಪನ್ನೇ ಮೂರು ಸುತ್ತು ಸುತ್ತಿ, "ಐನೂರಡಿ ಬೋರಿಗೆ ಬಿಟ್ಟು ಆಡಿದ್ರೂ ಏನೂ ಆಗಲ್ಲ, ನಿಮ್ಮತ್ತೆಗೆ ಹೇಳು" ಅಂದ. ಕಾಸು ಕೇಳಲಿಲ್ಲ. ಯಾರು ಗೆದ್ದರೆಂದು ಫೋನ್ ಮಾಡಬೇಕು, ಅದೇ ಅವನ ಕೂಲಿ.

ವೈರೇನೋ ಸಿಕ್ಕಿತು. ಅದನ್ನು ವೈರು ಅನ್ನಬೇಕೋ ಹೆಬ್ಬಾವು ಅನ್ನಬೇಕೋ ಗೊತ್ತಾಗಲಿಲ್ಲ. ಬಿಡಿಸಿದಷ್ಟೂ ಸುರುಳಿ ಸುತ್ತಿಕೊಳ್ಳುತ್ತದೆ, ಎಳೆದರೆ ಡಬ್ಬಿಯೇ ಟಿವಿ ಸ್ಟ್ಯಾಂಡಿನಿಂದ ನೆಗೆಯುತ್ತದೆ. ಕೊನೆಗೆ ನಡುವೆ ರುಬ್ಬುಗುಂಡು ಹೇರಿ ಕೂರಿಸಿದೆವು. ಅತ್ತೆ ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದರು. ಕೆಂಪು ಚಡ್ಡಿ ಕುಣಿಯಿತು. ಅತ್ತೆ ನನ್ನ ಕಡೆ ತಿರುಗಿ, "ಬಿಸಿಲಲ್ಲಿ ತುಂಬ ಓಡಾಡಿಸ್ಬಿಟ್ಟೆ ನಿನ್ನ" ಅಂದರು. ಅಷ್ಟು ಸಾಕಾಯಿತು ನನಗೆ.

ಭಾನುವಾರ ಊಟದ ಹೊತ್ತು ಕಳೆದ ಮೇಲೆ ರಾಜಶೇಖರ್ ಬಂದ. ರುಬ್ಬುಗುಂಡು ನೋಡಿ ನಕ್ಕ. ಅವನ ರಿಮೋಟಿಗೆ ನಾಲ್ಕೇ ಅಡಿ, ಹೊಟ್ಟೆ ಸರಿಮಾಡಿಕೊಂಡು ಟಿವಿಯ ಮುಂದೆ ನೆಲಕ್ಕೆ ಕೂತ. ಹದಿನಾಲ್ಕು ವರ್ಷದವನಿದ್ದಾಗ ಕೂರುತ್ತಿದ್ದುದೂ ಹಾಗೆಯೇ ಇರಬೇಕು. ನನ್ನ ಗಂಡ ಬಾಗಿಲು ಹಾಕಿ ಬಂದ.

ಮೊದಲ ಸುತ್ತು ಅವನದು. ಎರಡನೆಯದು ಅತ್ತೆಯದು. ಮೂರನೆಯದರಲ್ಲಿ ಕೆಂಪು ಚಡ್ಡಿ ಅಂಗಾತ ಬಿತ್ತು. "ಅಮ್ಮಾ, ಕರೆಂಟ್ ಇದೆಯಾ ನೋಡ್ಕಳಿ" ಅಂತ ಅವನು ಅಣಕಿಸಿದ. ಅತ್ತೆ ತುಟಿ ಕಚ್ಚಿದ್ದರು. ನೀಲಿ ಚಡ್ಡಿ ಹಾರಿತು. ಕೆಂಪು ಚಡ್ಡಿ ಉರುಳಿತು, ಎದ್ದಿತು, ನೀಲಿಯ ಸೊಂಟ ಹಿಡಿದು ಎತ್ತಿ ಒಗೆಯಿತು. ಒಂದು, ಎರಡು, ಮೂರು. ನಾನು ಕಿರುಚಿದ್ದು ರೈಲ್ವೆ ಸ್ಟೇಷನ್ನಿಗೂ ಕೇಳಿಸಿರಬೇಕು.

ಅತ್ತೆ ನಗಲಿಲ್ಲ. ರಿಮೋಟನ್ನು ಮಡಿಲಲ್ಲಿಟ್ಟುಕೊಂಡರು.

"ಶೇಖರಾ, ಇವತ್ತು ನಾನು ಗೆದ್ದೆ. ಅದಕ್ಕೇ ಈಗ ಹೇಳೋ ಧೈರ್ಯ ಬಂತು. ಅವತ್ತು ಕರೆಂಟ್ ಹೋಗಿರ್ಲಿಲ್ಲ ಕಣೋ. ಟಿವಿ, ಗೇಮು ಎರಡೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗಿದ್ವು. ನನ್ನ ಕಾಲ ಹತ್ರಾನೇ ಇತ್ತು ಅದರ ಪಿನ್ನು. ಹೆಬ್ಬೆರಳಲ್ಲಿ ಎಳೆದ್ಬಿಟ್ಟೆ."

ನನ್ನ ಗಂಡ ಬಾಯಿ ತೆರೆದವನು ಮುಚ್ಚಲಿಲ್ಲ. ತರೀಕೆರೆಯಿಂದ ತಂದ ಬೋರ್ಡಿಗೆ ನಾನು ತಿಂದ ಬೈಗುಳ ಆಗ ನನಗೆ ಅರ್ಥವಾಯಿತು. ರಾಜಶೇಖರ್ ಮಾತ್ರ ಪರದೆಯನ್ನೇ ನೋಡುತ್ತಿದ್ದ.

"ಗೊತ್ತಮ್ಮಾ" ಅಂದ. "ಫ್ಯಾನ್ ತಿರುಗ್ತಾ ಇತ್ತು. ಅವ್ರೆಲ್ಲ ಕೂಗಾಡ್ತಿದ್ರು, ನಾನೊಬ್ನೇ ತಲೆ ಎತ್ತಿ ನೋಡಿದ್ದು."

"ಗೊತ್ತಿದ್ದೂ ಯಾಕೋ ಬಾಯಿ ಬಿಡ್ಲಿಲ್ಲ?"

"ಎಲ್ಲಾ ಹುಡುಗ್ರೂ ಬತ್ತಾ ಇದ್ದಿದ್ದೇ ನಿಮ್ಮನ್ನ ಸೋಲಿಸೋಕೆ. ನೀವು ಸೋತ್ರಿ ಅಂದ್ರೆ ಅಂಗಡಿಗೆ ಯಾರು ಬತ್ತಿದ್ರು?"

"ಮತ್ತೆ ಮಾರನೇ ದಿನದಿಂದ ನೀನ್ಯಾಕೆ ಬರೋದು ಬಿಟ್ಬಿಟ್ಟೆ?" ಅತ್ತೆ ಕುರ್ಚಿಯಿಂದ ಮುಂದೆ ಬಾಗಿದರು. "ಇಪ್ಪತ್ತೇಳು ವರ್ಷ, ನನ್ನ ಮೇಲೆ ಕೋಪ ಅಂದ್ಕಂಡಿದ್ದೆ."

ಅವನು ವೈರನ್ನು ಬೆರಳಿಗೆ ಸುತ್ತಿಕೊಂಡ, ಬಿಡಿಸಿದ. "ಬಂದಿದ್ರೆ ಎಲ್ಲಾದ್ರೂ ಬಾಯ್ತಪ್ಪಿ ಹೇಳ್ಬಿಡ್ತಿದ್ದೆ."

ನನಗೆ ಅಳು ತಡೆಯಲಿಲ್ಲ. ಆ ಆಟದ ಹುಚ್ಚಿದ್ದ ಹುಡುಗ, ಊರಿನವರೆಲ್ಲ ಆಡುವಾಗ ಈ ಬಾಗಿಲ ಮುಂದೆಯೇ ಸುಮ್ಮನೆ ಹಾದುಹೋದನಲ್ಲ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮೂಗೂ ಒರೆಸಿಕೊಂಡರು. ಆಮೇಲೆ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು, ತಮ್ಮ ಹಳೆಯ ಗದರುವ ದನಿಯಲ್ಲಿ ಹೇಳಿದರು:

"ಏಳ್ಬೇಡ, ಕೂತ್ಕೋ. ಬಸ್ಸು ನಾಳೆ ತಾನೆ? ಇನ್ನೊಂದು ಆಟ. ನಿಂಗೆ ಫ್ರೀ."